‘ಮೋಟರ್ ಆಫ್ ಮಾಡಿದ್ರಾ?’ ಅನ್ನೋ ಪ್ರಶ್ನೆ ನಮ್ಮನೆಯಲ್ಲಿ ನಿಂತದ್ದು ಹೀಗೆ

ಟ್ಯಾಂಕ್ ನೋಡಿಕೊಂಡು ಮೋಟರನ್ನು ತಾನೇ ಆನ್-ಆಫ್ ಮಾಡುವ ಡಬ್ಬಿಯೊಂದನ್ನು ನಾನೇ ಮಾಡಿ ಹಾಕಿ ಹದಿನಾಲ್ಕು ತಿಂಗಳಾಯಿತು. ಇಷ್ಟು ದಿನದಲ್ಲಿ ನಮ್ಮ ಓವರ್‌ಹೆಡ್ ಟ್ಯಾಂಕ್ ಒಂದು ಸಲವೂ ತುಂಬಿ ಹರಿದಿಲ್ಲ. ನಲ್ಲಿ ಮಾತ್ರ ಒಂದೇ ಒಂದು ದಿನ ಖಾಲಿ ಕೂತಿತ್ತು. ಅದರ ಕಥೆ ಆಮೇಲೆ ಹೇಳುತ್ತೇನೆ. ಇದನ್ನು ಬರೆಯಲು ಕೂತದ್ದಕ್ಕೆ ಕಾರಣ ಇದೆ. ಆವತ್ತು ನಕ್ಕವರೇ ಈಗ ‘ನಮಗೂ ಒಂದು ಮಾಡಿಕೊಡಿ’ ಅನ್ನುತ್ತಿದ್ದಾರೆ. ಎಲ್ಲರಿಗೂ ಒಂದೇ ಕಥೆ ಹೇಳಿ ಹೇಳಿ ಸಾಕಾಯಿತು.

ರಿಲೇ ಅಂದರೆ ಸಣ್ಣ ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್, ಫ್ಲೋಟ್ ಅಂದರೆ ನೀರಿನ ಜೊತೆ ಏರಿಳಿಯುವ ತೇಲು. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಬೆಸುಗೆ ಹಾಕಿ ಕೈ ಸುಟ್ಟುಕೊಂಡವರಿಗೆ ಇದು ಸಾಕು.

ಮೊದಲು ನಮ್ಮನೆಯಲ್ಲಿ ಇದ್ದದ್ದು ರೆಡಿಮೇಡ್ ಕಂಟ್ರೋಲರ್. ಎಂಟು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಟ್ಯಾಂಕ್ ತುಂಬಿದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ನೀರಿನ ಮಟ್ಟ ತಿಳಿಯಲು ಟ್ಯಾಂಕಿಗೆ ಇಳಿಬಿಟ್ಟ ಲೋಹದ ಪ್ರೋಬ್ ಮೇಲೆತ್ತಿ ನೋಡಿದರೆ ಒಂದು ತುದಿ ಸವೆದು ಸೂಜಿಯಾಗಿತ್ತು, ಪಕ್ಕದ್ದು ಹೊಸದರಂತೆ ಇತ್ತು. ಮೀಟರ್ ಹಿಡಿದೆ. ಡಿಸಿ (ಒಂದೇ ದಿಕ್ಕಿನ) ವೋಲ್ಟೇಜು ಹಗಲೂ ರಾತ್ರಿ ಪ್ರೋಬ್ ಮೇಲೇ ಕೂತಿತ್ತು. ನೀರಿನಲ್ಲಿ ಹಾಗೆ ಡಿಸಿ ಬಿಟ್ಟರೆ ಪ್ಲಸ್ ಕಡೆಯ ಲೋಹ ಕರಗಿ ಹೋಗುತ್ತದೆ. ಇದು ಮಾಡಿದವರಿಗೆ ಗೊತ್ತಿಲ್ಲದ ವಿಷಯ ಏನಲ್ಲ. ಪ್ರೋಬ್ ಮಾರಿಯೇ ಅವರು ಬದುಕಬೇಕೇನೋ.

‘ನಾನೇ ಮಾಡ್ತೀನಿ’ ಅಂದೆ. ವೈರಿಂಗ್ ನೋಡಲು ಬಂದ ಎಲೆಕ್ಟ್ರಿಷಿಯನ್ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: ‘ಮೇಡಂ, ಇದೆಲ್ಲ ಮನೇಲಿ ಕೂತು ಆಗೋ ಕೆಲಸ ಅಲ್ಲ. ಇನ್ನೊಂದು ರೆಡಿಮೇಡ್ ಹಾಕಿಸಿಬಿಡಿ.’ ಮಾವ ಅಷ್ಟು ನೇರವಾಗಿ ಹೇಳಲಿಲ್ಲ. ‘ಏನಮ್ಮಾ, ಆ ಡಬ್ಬಿ ನಂಬ್ಕೊಂಡು ಸ್ನಾನಕ್ಕೆ ಹೋಗಬಹುದಾ?’ ಎಂದು ಕೇಳಿದರು, ಅಷ್ಟೇ.

ಮೊದಲ ಆರು ತಿಂಗಳು ಹೋಗಬಹುದಾಗಿರಲಿಲ್ಲ, ನಿಜ.

ಶುರು ಮಾಡಿದ್ದು ತಾಮ್ರದ ವೈರಿನಿಂದ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆರು ವಾರಕ್ಕೆ ವೈರು ಹಸಿರುಗಟ್ಟಿತು. ಆಮೇಲೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹಾಕಿದೆ. ಎರಡು ಸೆಕೆಂಡಿಗೆ ಒಮ್ಮೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಕರೆಂಟು. ಅದೂ ಒಮ್ಮೆ ಈ ದಿಕ್ಕು, ಒಮ್ಮೆ ಆ ದಿಕ್ಕು. ಇದು ಒಳ್ಳೆಯ ಉಪಾಯ, ಬೋಲ್ಟು ಸವೆಯಲೇ ಇಲ್ಲ. ಆದರೆ ಬೋಲ್ಟು ಕೂರಿಸಿದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪಾಚಿ ಮತ್ತು ಉಪ್ಪಿನ ಪದರ ಕಟ್ಟಿತು. ಸದಾ ಒದ್ದೆಯಾಗಿರುವ ಆ ಪದರದ ಮೂಲಕವೇ ಕರೆಂಟು ಹರಿಯತೊಡಗಿತು. ಅರ್ಧ ಟ್ಯಾಂಕಿಗೇ ‘ಫುಲ್’ ಎಂದು ತೋರಿಸುತ್ತಿತ್ತು. ನಾಲ್ಕೈದು ತಿಂಗಳು ಅದರ ಜೊತೆ ಗುದ್ದಾಡಿದೆ. ಅದರ ನಡುವೆಯೇ ಬೇರೆಯದೂ ನಡೆದಿತ್ತು.

ಆ ಬೇರೆಯದು ಅಂದರೆ ಅಲ್ಟ್ರಾಸಾನಿಕ್ ಸೆನ್ಸರ್. ಸದ್ದು ಕಳಿಸಿ, ಅದು ವಾಪಸ್ ಬರುವ ಹೊತ್ತಿನಿಂದ ನೀರು ಮುಟ್ಟದೆ ದೂರ ಅಳೆಯುತ್ತದಲ್ಲ, ಅದೇ ಆಸೆ. ಎರಡು ಕಣ್ಣಿನ ಎಚ್‌ಸಿ ಎಸ್‌ಆರ್ 04 ತಂದು ಮುಚ್ಚಳದ ಕೆಳಗೆ ಕೂರಿಸಿದೆ. ಮೊದಲ ದಿನ ಎಷ್ಟು ಚೆಂದ! ಸೆಂಟಿಮೀಟರ್ ಲೆಕ್ಕದಲ್ಲಿ ನೀರಿನ ಮಟ್ಟ ಫೋನಿಗೆ ಬರುತ್ತಿತ್ತು. ಮನೆಯವರಿಗೆಲ್ಲ ಕರೆದು ಕರೆದು ತೋರಿಸಿದೆ. ಮರುದಿನ ಬೆಳಿಗ್ಗೆ ಅಂಕಿಗಳಿಗೆ ಹುಚ್ಚು ಹಿಡಿದಿತ್ತು. ಮುಚ್ಚಿದ ಟ್ಯಾಂಕಿನೊಳಗೆ ರಾತ್ರಿ ಹಬೆ ತಣಿದು ಸೆನ್ಸರ್ ಮೇಲೆ ಹನಿ ಕಟ್ಟುತ್ತದೆ. ಯೋಚನೆ ಮಾಡಿದ್ದರೆ ಮೊದಲೇ ಹೊಳೆಯಬೇಕಿತ್ತು.

ಸರಿ, ವಾಟರ್‌ಪ್ರೂಫ್ ಬರುತ್ತದಲ್ಲ ಎಂದು ಜೆಎಸ್‌ಎನ್ ತರಿಸಿದೆ. ಅಲ್ಲೇ ಎಡವಿದ್ದು. ಆ ಸೆನ್ಸರಿಗೆ ಮುಖದಿಂದ 20–25 ಸೆಂಟಿಮೀಟರ್ ಒಳಗೆ ಏನಿದ್ದರೂ ಕಾಣುವುದಿಲ್ಲ. ನಮ್ಮ ಟ್ಯಾಂಕ್ ತುಂಬಿದಾಗ ನೀರಿಗೂ ಮುಚ್ಚಳಕ್ಕೂ ಇರುವುದು ಒಂದು ಗೇಣಿಗಿಂತ ಕಡಿಮೆ. ಅಂದರೆ ಯಾವಾಗ ಗೊತ್ತಾಗಬೇಕೋ ಸರಿಯಾಗಿ ಆವಾಗಲೇ ಅದು ಕುರುಡು. ಸುಮ್ಮನೆ ಕುರುಡಾಗಿದ್ದರೂ ಚಿಂತೆ ಇರಲಿಲ್ಲ. ಎಲ್ಲೆಲ್ಲೋ ತಗುಲಿ ವಾಪಸ್ ಬಂದ ಸದ್ದು ಹಿಡಿದುಕೊಂಡು ‘ನೀರು ತುಂಬಾ ಕೆಳಗಿದೆ’ ಎಂದಿತು. ಮೋಟರ್ ಆನ್ ಆಯಿತು. ನಾನು ಮನೆಯಲ್ಲಿರಲಿಲ್ಲ. ಬಂದಾಗ ಮೆಟ್ಟಿಲ ಮೇಲೆ ನೀರು ಇಳಿಯುತ್ತಿತ್ತು. ಮಾವ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮಟ್ಟವನ್ನು ಅಂಕಿಯಲ್ಲಿ ನೋಡುವ ಚಪಲ ಅವತ್ತಿಗೆ ಬಿಟ್ಟೆ. ನನಗೆ ಬೇಕಾದದ್ದು ಎರಡೇ ಉತ್ತರ: ತುಂಬಿತಾ, ಖಾಲಿಯಾಯಿತಾ? ಅದಕ್ಕೆ ಎರಡು ಪುಟ್ಟ ರೀಡ್ ಫ್ಲೋಟ್ ಸಾಕು. ಆಯಸ್ಕಾಂತದ ಉಂಗುರ ನೀರಿನ ಜೊತೆ ಏರಿಳಿದು ಒಳಗಿನ ರೀಡ್ ಸ್ವಿಚ್ಚನ್ನು ಆನ್-ಆಫ್ ಮಾಡುತ್ತದೆ. ಆ ವಾಟರ್‌ಪ್ರೂಫ್ ಸೆನ್ಸರ್ ಒಂದರ ದುಡ್ಡಿಗೆ ಇಂಥವು ಎರಡು ಬಂದು ಚಿಲ್ಲರೆ ಉಳಿಯುತ್ತದೆ. ಒಂದು ಪಿವಿಸಿ ಪೈಪಿಗೆ ಮೇಲೊಂದು, ಕೆಳಗೊಂದು ಕೂರಿಸಿ ಟ್ಯಾಂಕಿಗೆ ಇಳಿಬಿಟ್ಟೆ.

ಇಲ್ಲೂ ಒಂದು ತಪ್ಪು ಮಾಡಿದೆ. ರೀಡ್ ಸ್ವಿಚ್ಚಿನ ತಾಕತ್ತು ಹತ್ತು ವ್ಯಾಟ್ ಆಸುಪಾಸು ಅಷ್ಟೇ. ಆತುರದಲ್ಲಿ ಅದನ್ನು ನೇರವಾಗಿ ಕಾಂಟ್ಯಾಕ್ಟರ್ (ಮೋಟರಿಗೆ ತಕ್ಕ ದೊಡ್ಡ ರಿಲೇ) ಕಾಯಿಲಿಗೆ ಕೊಟ್ಟೆ. ಮೂರನೇ ದಿನ ಒಳಗಿನ ಎಲೆಗಳು ಅಂಟಿಕೊಂಡವು. ಅಲ್ಲದೆ ಟ್ಯಾಂಕಿನೊಳಗೆ ಮೇನ್ಸ್, ಅಂದರೆ ಮನೆಯ ಕರೆಂಟನ್ನೇ, ಕಳಿಸುವುದು ಶುದ್ಧ ಮೂರ್ಖತನ. ಈಗ ಟ್ಯಾಂಕಿಗೆ ಹೋಗುವುದು ಐದು ವೋಲ್ಟ್ ಮಾತ್ರ, ಮಧ್ಯೆ ಎರಡೂ ಕಡೆಯನ್ನು ಬೆಳಕಿನಿಂದ ಮಾತ್ರ ಜೋಡಿಸುವ ಆಪ್ಟೋಕಪ್ಲರ್ ಇದೆ. ಟ್ಯಾಂಕಿನಿಂದ ಡಬ್ಬಿಗೆ ಹದಿನೆಂಟು ಮೀಟರ್ ಇರಬಹುದು. ನೆಟ್‌ವರ್ಕ್ ಕೇಬಲ್ಲಿನ ಹೆಣೆದ ಜೋಡಿ ಎಳೆದೆ. ಆ ಲೈನಿಗೆ ಹತ್ತು ಕೆ (ಹತ್ತು ಸಾವಿರ ಓಮ್) ರೆಸಿಸ್ಟರ್ ಇಟ್ಟಾಗ ಮಿಕ್ಸಿ ಆನ್ ಮಾಡಿದರೂ ಟ್ಯಾಂಕ್ ತುಂಬಿದ ಹಾಗೆ ತೋರಿಸುತ್ತಿತ್ತು. ಎರಡು ಕೆಗೆ ಇಳಿಸಿದ ಮೇಲೆ ಸುಮ್ಮನಾಯಿತು.

ಮೋಟರ್ ಕಡೆಯ ಕಥೆಗೆ ಬರೋಣ. ನಮ್ಮದು ಒಂದು ಎಚ್‌ಪಿ ಮೋಟರ್, ಓಡುವಾಗ ಆರು ಆಂಪಿಯರ್ ಹತ್ತಿರ ಎಳೆಯುತ್ತದೆ. ನೀಲಿ ರಿಲೇ ಮೇಲೆ ‘10 ಆಂಪಿಯರ್’ ಎಂದು ಬರೆದಿರುತ್ತಾರಲ್ಲ, ಅದನ್ನು ನಂಬಿದೆ. ಆ ಹತ್ತು ಹೀಟರ್, ಬಲ್ಬಿನಂಥದಕ್ಕೆ. ಮೋಟರ್ ಎದ್ದೇಳುವ ಕ್ಷಣದಲ್ಲಿ ಐದಾರು ಪಟ್ಟು ಎಳೆಯುತ್ತದೆ. ಹನ್ನೊಂದನೇ ದಿನ ರಿಲೇ ಒಳಗೇ ಬೆಸೆದುಕೊಂಡಿತು. ಡಬ್ಬಿಯ ದೀಪ ‘ಆಫ್’ ಅನ್ನುತ್ತಿದೆ, ಮೋಟರ್ ಓಡುತ್ತಲೇ ಇದೆ! ಹೋಗಿ ಮೇನ್ ಸ್ವಿಚ್ಚನ್ನೇ ಆಫ್ ಮಾಡಬೇಕಾಯಿತು.

ಹಾಗಾಗಿ ಕಾಂಟ್ಯಾಕ್ಟರ್. ಇಡೀ ಡಬ್ಬಿಯಲ್ಲಿ ದುಬಾರಿ ವಸ್ತು ಅದೇ, ಒಟ್ಟು ಖರ್ಚಿನ ಅರ್ಧದಷ್ಟು. ಇದರಲ್ಲಿ ಉಳಿಸಲು ಹೋಗಬೇಡಿ. ನೀಲಿ ರಿಲೇ ಈಗ ಕಾಯಿಲನ್ನು ಮಾತ್ರ ನೋಡಿಕೊಳ್ಳುತ್ತದೆ. ಕಾಯಿಲ್ ಬಿಟ್ಟಾಗಲೆಲ್ಲ, ಡಬ್ಬಿಯನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ರೀಸೆಟ್ ಆಗುತ್ತಿತ್ತು. ಆ ಝಟಕ ನುಂಗಲು ಕಾಯಿಲಿಗೆ ಅಡ್ಡವಾಗಿ 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಮತ್ತು ನೂರು ಓಮ್ ರೆಸಿಸ್ಟರ್ ಹಾಕಿದೆ, ನಿಂತಿತು. ಇನ್ನೊಂದು ವಿಷಯ. ಇಎಸ್‌ಪಿ 8266 ಅನ್ನುವ ಆ ವೈಫೈ ಬೋರ್ಡ್ ಎದ್ದೇಳುವಾಗ ಕೆಲವು ಪಿನ್‌ಗಳು ಕ್ಷಣಕಾಲ ಕುಣಿಯುತ್ತವೆ. ರಿಲೇ ಅಲ್ಲಿದ್ದರೆ ಕರೆಂಟ್ ಬಂದಾಗಲೆಲ್ಲ ಮೋಟರ್ ಒಮ್ಮೆ ಗುಟುರು ಹಾಕುತ್ತದೆ. ಜಿಪಿಐಒ 4, 5 ಎಂಬ ಪಿನ್ ಬಿಟ್ಟು ಬೇರೆಯದಕ್ಕೆ ನಾನು ರಿಲೇ ಕೊಡುವುದಿಲ್ಲ.

ಕಾಂಟ್ಯಾಕ್ಟರ್ ವೈರಿಂಗ್ ಮಾಡಿದ್ದು ಯಾರು ಗೊತ್ತಾ? ಅದೇ ಎಲೆಕ್ಟ್ರಿಷಿಯನ್. ಮೇನ್ಸ್ ಕೆಲಸ ನಾನು ಮಾಡುವುದಿಲ್ಲ, ಅದರಲ್ಲಿ ಜಂಬ ಇಲ್ಲ. ಅವರೇ ಹಟ ಹಿಡಿದು, ಮೋಟರ್ ಹೆಚ್ಚು ಕರೆಂಟು ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇ ಉಳಿಸಿದರು. ಪಕ್ಕದಲ್ಲಿ ಮ್ಯಾನುವಲ್ ಸ್ವಿಚ್ಚೂ ಇಟ್ಟರು. ಎರಡೂ ಸರಿಯಾದ ಮಾತು.

ಈಗ ಅಸಲಿ ವಿಷಯ. ಇಷ್ಟೆಲ್ಲ ಸೋತ ಮೇಲೆ ನನಗೆ ಅರ್ಥವಾದದ್ದು ಒಂದು. ಸೆನ್ಸರ್ ಯಾವುದೇ ಇರಲಿ, ಒಂದು ದಿನ ಕೆಡುತ್ತದೆ. ಕೆಟ್ಟಾಗ ಯಾವ ಕಡೆ ಬೀಳುತ್ತದೆ ಅನ್ನುವುದೇ ಮುಖ್ಯ. ನಾನು ಎರಡೂ ಫ್ಲೋಟನ್ನು ಕೆಳಗಿಳಿದಾಗ ಕ್ಲೋಸ್ ಆಗುವ (ಸ್ವಿಚ್ ಕೂಡಿಕೊಳ್ಳುವ) ಹಾಗೆ ಹಾಕಿದ್ದೇನೆ. ಬೇರೆ ಥರ ಬಂದಿದ್ದರೆ ಫ್ಲೋಟಿನ ಉಂಗುರ ಬಿಚ್ಚಿ ತಲೆಕೆಳಗು ಮಾಡಿ ಹಾಕಿದರಾಯಿತು. ಎರಡೂ ಕ್ಲೋಸ್ ಆದರೆ ಟ್ಯಾಂಕ್ ಖಾಲಿ, ಮೋಟರ್ ಆನ್. ಮೇಲಿನದು ತೆರೆದರೆ ಮೋಟರ್ ಆಫ್. ಹಾಗಾಗಿ ಮೇಲಿನ ವೈರ್ ಕಿತ್ತು ಬಂದರೆ ಡಬ್ಬಿ ‘ತುಂಬಿದೆ’ ಎಂದುಕೊಳ್ಳುತ್ತದೆ. ಕೆಳಗಿನದು ಕಿತ್ತರೆ ‘ಇನ್ನೂ ನೀರಿದೆ’ ಎಂದುಕೊಳ್ಳುತ್ತದೆ. ಏನೇ ಆದರೂ ಸುಮ್ನೆ ಮೋಟರ್ ಆನ್ ಆಗುವುದಿಲ್ಲ. ಮೇಲೆ ತುಂಬಿದೆ, ಕೆಳಗೆ ಖಾಲಿ ಎಂದು ಬಂದರೆ ಅದು ಸುಳ್ಳು, ಆಗ ಬೀಪ್. ಇದರ ಮೇಲೆ ಒಂದು ಟೈಮರ್. ನಮ್ಮ ಟ್ಯಾಂಕ್ ತುಂಬಲು ಇಪ್ಪತ್ತೈದು ನಿಮಿಷ ಬೇಕು. ಫ್ಲೋಟ್ ಏನೇ ಹೇಳಲಿ, ನಲವತ್ತಕ್ಕೆ ಮೋಟರ್ ನಿಲ್ಲಲೇಬೇಕು. ಯಾರಾದರೂ ಬಂದು ಬಟನ್ ಒತ್ತುವ ತನಕ ಮತ್ತೆ ಏಳುವುದಿಲ್ಲ.

ನಾನು ಬೀಗುತ್ತಿದ್ದೆ. ಈ ಡಬ್ಬಿ ಹಾಕಿದ ಏಳನೇ ತಿಂಗಳಲ್ಲಿ ಇಲಿ ಪಾಠ ಕಲಿಸಿತು. ನಲ್ಲಿಯಲ್ಲಿ ನೀರಿಲ್ಲ, ಬೀಪ್ ಕೂಡ ಇಲ್ಲ. ಡಬ್ಬಿ ಹಸಿರು ದೀಪ ಹಚ್ಚಿಕೊಂಡು ಆರಾಮಾಗಿದೆ. ಮೇಲೆ ಹತ್ತಿ ನೋಡಿದರೆ ಇಲಿ ಕೇಬಲ್ಲನ್ನೇ ಕಡಿದು ಹಾಕಿತ್ತು. ಎರಡೂ ವೈರ್ ಒಟ್ಟಿಗೆ ತುಂಡು! ಎರಡೂ ತೆರೆದಿದ್ದರೆ ಡಬ್ಬಿಯ ಲೆಕ್ಕದಲ್ಲಿ ಟ್ಯಾಂಕ್ ಫುಲ್. ನೀರು ಹರಿಯಲಿಲ್ಲ ಅನ್ನುವುದೇ ಸಮಾಧಾನ. ಮಾವ ಮಾತ್ರ ಖುಷಿಯಲ್ಲಿದ್ದರು. ‘ಇಲಿಗೂ ನಿನ್ನ ಡಬ್ಬಿ ಮೇಲೆ ನಂಬಿಕೆ ಇಲ್ಲ ನೋಡಮ್ಮಾ’ ಅಂದರು. ಅವತ್ತೇ ಇನ್ನೊಂದು ನಿಯಮ ಸೇರಿಸಿದೆ: ಮೂವತ್ತು ಗಂಟೆ ಮೋಟರ್ ಓಡದಿದ್ದರೆ ಬೀಪ್. ನಮ್ಮಲ್ಲಿ ದಿನಕ್ಕೆ ಒಮ್ಮೆಯಾದರೂ ಓಡುತ್ತದೆ, ಹಾಗಾಗಿ ಮೂವತ್ತು. ನಿಮ್ಮ ಮನೆಯ ಬಳಕೆ ನೋಡಿ ಇಟ್ಟುಕೊಳ್ಳಿ. ಊರಿಗೆ ಹೋದಾಗ ಇದು ಬೀಪ್ ಹೊಡೆದು ಪಕ್ಕದವರ ನಿದ್ದೆ ಕೆಡಿಸಿದ್ದೂ ಉಂಟು.

ಕೆಳಗೆ ಸಂಪಿನಲ್ಲಿ ನೀರಿಲ್ಲದಾಗ ಮೋಟರ್ ಒಣ ಓಡಬಾರದು. ಪಂಪಿನಿಂದ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲನ್ನು ತಣ್ಣಗಿಡುವುದೇ ನೀರು. ಒಣ ಓಡಿದರೆ ಕೆಲವೇ ನಿಮಿಷದಲ್ಲಿ ಸೀಲ್ ಹೋಗುತ್ತದೆ. ಒಮ್ಮೆ ಬದಲಾಯಿಸಿದ ಖರ್ಚು ಇನ್ನೂ ನೆನಪಿದೆ. ಸಂಪಿಗೆ ಇನ್ನೊಂದು ಫ್ಲೋಟ್ ಹಾಕಲು ಮನಸ್ಸಾಗಲಿಲ್ಲ. ಮೋಟರೇ ಹೇಳುತ್ತದಲ್ಲ! ನೀರು ಎತ್ತದಿದ್ದರೆ ಅದಕ್ಕೆ ಭಾರವಿಲ್ಲ, ಎಳೆಯುವ ಕರೆಂಟ್ ಇಳಿಯುತ್ತದೆ. ನಮ್ಮದರಲ್ಲಿ ಆರು ಆಂಪಿಯರಿನಿಂದ ನಾಲ್ಕರ ಹತ್ತಿರಕ್ಕೆ ಬರುತ್ತದೆ. ಅದನ್ನು ಅಳೆಯಲು ಎಸಿಎಸ್ 712 ಕರೆಂಟ್ ಸೆನ್ಸರ್, ಇಪ್ಪತ್ತು ಆಂಪಿಯರಿನದು. ಒಂದು ಆಂಪಿಯರಿಗೆ ನೂರು ಮಿಲಿವೋಲ್ಟ್ ಕೊಡುತ್ತದೆ. ಅದು ಐದು ವೋಲ್ಟಿನ ವಸ್ತು, ಬೋರ್ಡಿನ ಪಿನ್ 3.3 ವೋಲ್ಟ್ ದಾಟಿದರೆ ತಡೆಯುವುದಿಲ್ಲ. ನೇರ ಕೊಟ್ಟು ಒಂದು ಬೋರ್ಡ್ ಕಳೆದುಕೊಂಡೆ. ವೋಲ್ಟೇಜ್ ಇಳಿಸಲು ಮಧ್ಯೆ ಎರಡು ರೆಸಿಸ್ಟರ್ ಹಾಕಿ. ಮೊದಲ ಒಂದು ನಿಮಿಷದ ರೀಡಿಂಗ್ ಲೆಕ್ಕಕ್ಕೆ ಹಿಡಿಯಬೇಡಿ, ಪಂಪು ನೀರು ಹಿಡಿಯಲು ಅಷ್ಟು ಹೊತ್ತು ಬೇಕು. ವೋಲ್ಟೇಜ್ ಏರಿಳಿದಾಗ ಆ ನಾಲ್ಕು, ಆರು ಎರಡೂ ಅಂಕಿ ಏರಿಳಿಯುತ್ತವೆ. ಅದನ್ನು ಹೇಗೆ ಸರಿದೂಗಿಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎರಡು ವಾರ ನಿದ್ದೆಗೆಟ್ಟು ಕಂಡುಕೊಂಡದ್ದು, ಪುಕ್ಕಟೆ ಕೊಡಲು ಮನಸ್ಸು ಬರುತ್ತಿಲ್ಲ.

ಬೋರ್ಡುಗಳು ಮಿಕ್ಕಿದ್ದವಲ್ಲ, ಅಲ್ಲಲ್ಲಿ ಕೈಯಾಡಿಸಿದೆ. ಫ್ರಿಜ್ ಬಾಗಿಲಿಗೆ ಒಂದು ರೀಡ್ ಸ್ವಿಚ್, ಒಂದು ನಿಮಿಷ ತೆರೆದೇ ಇದ್ದರೆ ಕಿರುಚುತ್ತದೆ. ಮಕ್ಕಳು ಮೊದಲ ವಾರ ಬೇಕಂತಲೇ ಕಿರುಚಿಸಿದರು. ವಾಷಿಂಗ್ ಮಷೀನ್ ಮುಗಿದದ್ದು ತಿಳಿಸಲು ಅದುರುವಿಕೆ ಸೆನ್ಸರ್ ಅಂಟಿಸಿದೆ. ಮಧ್ಯೆ ನೆನೆಸಲು ನಿಂತಾಗಲೂ ‘ಮುಗೀತು’ ಎಂದು ಕೂಗುತ್ತಿತ್ತು, ಕಿತ್ತು ಹಾಕಿದೆ. ಮೆಟ್ಟಿಲಿಗೆ ಪಿಐಆರ್ ದೀಪ (ಯಾರಾದರೂ ಓಡಾಡಿದರೆ ಹತ್ತುವಂಥದ್ದು) ಹಾಕಿದಾಗ ರಾತ್ರಿಯಿಡೀ ಯಾರೂ ಇಲ್ಲದೆ ತಾನೇ ಹತ್ತುತ್ತಿತ್ತು. ಅತ್ತೆ ಹೆದರಿಬಿಟ್ಟರು. ವೈಫೈ ಬೋರ್ಡಿಗೆ ಅಂಟಿಕೊಂಡ ಹಾಗೆ ಸೆನ್ಸರ್ ಇಟ್ಟದ್ದೇ ಕಾರಣ. ಒಂದು ಅಡಿ ದೂರ ಸರಿಸಿದೆ, ದೆವ್ವ ಹೋಯಿತು. ಇವೆಲ್ಲದರಲ್ಲಿ ದುಡ್ಡಿಗೆ ಮೋಸವಿಲ್ಲದ್ದು ಸಿಂಕಿನ ಕೆಳಗಿನ ಸೋರಿಕೆ ಅಲಾರಂ. ಮೂಲೆಗೆ ಬಿಸಾಡಿದ್ದ ಆ ಸ್ಟೀಲ್ ಬೋಲ್ಟುಗಳೇ, ನೆಲಕ್ಕೆ ತಾಗುವ ಹಾಗೆ ಇಟ್ಟಿದ್ದೇನೆ. ಸದಾ ಒಣಗಿರುವ ಜಾಗವಾದ್ದರಿಂದ ಪಾಚಿಯ ಕಾಟವಿಲ್ಲ. ಎರಡು ಸಲ ಪೈಪಿನ ವಾಷರ್ ಸೋರಿದ್ದನ್ನು ಹಿಡಿದುಕೊಟ್ಟಿದೆ.

ಖರ್ಚಿನ ಲೆಕ್ಕ ನಮ್ಮ ಯಜಮಾನರು ಇಟ್ಟಿದ್ದಾರೆ, ನಾನು ಕೇಳದಿದ್ದರೂ. ಒಂದು ರೆಡಿಮೇಡ್ ಕಂಟ್ರೋಲರಿನ ಬೆಲೆಯನ್ನು ಒಂದು ಅಂದುಕೊಂಡರೆ, ಈಗ ಗೋಡೆ ಮೇಲಿರುವ ಡಬ್ಬಿಗೆ ಮುಕ್ಕಾಲು ಆಗಿದೆ. ಸುಟ್ಟದ್ದು, ಮುರಿದದ್ದು, ತಪ್ಪಿ ತರಿಸಿದ್ದಕ್ಕೆ ಬೇರೆ ಎರಡೂವರೆ. ಅಂದರೆ ಒಟ್ಟು ಮೂರೂಕಾಲು. ‘ಮೂರು ರೆಡಿಮೇಡ್ ಬರ್ತಿತ್ತು’ ಎಂದು ಇವರು ಆಗಾಗ ನೆನಪಿಸುತ್ತಾರೆ. ಎಂಟು ತಿಂಗಳಿಗೊಂದು ಕೆಟ್ಟರೆ ಆ ಮೂರು ಎರಡು ವರ್ಷಕ್ಕೆ ಮುಗಿಯುತ್ತವೆ ಅಂತ ನಾನೂ ನೆನಪಿಸುತ್ತೇನೆ. ಇನ್ನು ಹತ್ತು ತಿಂಗಳು ಕಳೆಯಲಿ, ಈ ಜಗಳದಲ್ಲಿ ಗೆದ್ದವರು ಯಾರು ಅಂತ ಗೊತ್ತಾಗುತ್ತದೆ.

ಮೂರು ತಿಂಗಳಿಗೊಮ್ಮೆ ಫ್ಲೋಟ್ ಪೈಪನ್ನು ಎತ್ತಿ, ಉಪ್ಪು ಕಟ್ಟಿದ್ದನ್ನು ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಉಂಗುರ ಅಂಟಿ ಕೂರುತ್ತದೆ. ಈ ಕೆಲಸ ಈಗ ಮಾವನದು. ಕ್ಯಾಲೆಂಡರಿನಲ್ಲಿ ತಾವೇ ಗುರುತು ಹಾಕಿಕೊಂಡಿದ್ದಾರೆ. ಮ್ಯಾನುವಲ್ ಸ್ವಿಚ್ಚಿನ ಮೇಲೆ ‘ಯಾರೂ ಮುಟ್ಟಬೇಡಿ’ ಎಂಬ ಚೀಟಿ ಅಂಟಿಸಿದವರೂ ಅವರೇ.