ಸಣ್ಣ ಮೈಯ ಹುಡುಗ, ದೊಡ್ಡ ಕ್ಲಬ್ಬು: ತರಬೇತಿಯಲ್ಲಿ ನಾನು ಕಂಡುಕೊಂಡ ಕ್ರಮ

ಫುಟ್‌ಬಾಲ್ ಕ್ಲಬ್ಬಿನ ಸೆಲೆಕ್ಷನ್ ಟ್ರಯಲ್ ಮುಗಿದ ಮೇಲೆ ಕೋಚ್‌ಗಳ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: 'ಸ್ಕಿಲ್ ಇದೆ, ಬಾಡಿ ಇಲ್ಲ.' ಆಸ್ಟಿನ್ ಟೌನ್ ಮೈದಾನವಿರಲಿ, ಪೆಲೆಯ ಪ್ರತಿಮೆ ನಿಲ್ಲಿಸಿರುವ ಗೌತಮಪುರವಿರಲಿ, ಬಾಲನ್ನು ಕಾಲಿಗೆ ಅಂಟಿಸಿಕೊಂಡು ಓಡುವ ಸಣ್ಣ ಹುಡುಗರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಅವರ ಅಪ್ಪಂದಿರು 'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಅನ್ನುತ್ತಾರೆ, ಮೆಸ್ಸಿಯ ಹೆಸರು ತೆಗೆಯುತ್ತಾರೆ. ಸುಳ್ಳೇನಲ್ಲ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯಲ್ಲಿ 2010ರಲ್ಲಿ ಮೊದಲ ಮೂರು ಸ್ಥಾನ ಪಡೆದ ಮೆಸ್ಸಿ, ಇನಿಯೆಸ್ತಾ, ಚಾವಿ ಮೂವರೂ 170 ಸೆಂ.ಮೀ. ಆಸುಪಾಸಿನವರು. 2018ರಲ್ಲಿ ಅದನ್ನು ಗೆದ್ದ ಮೋಡ್ರಿಚ್ 172. ನಮ್ಮ ಕಂಠೀರವದಲ್ಲೇ ವರ್ಷಗಟ್ಟಲೆ ಆಡಿದ ಸುನಿಲ್ ಚೆಟ್ರಿ 170, ಅದೂ ತಲೆಯಿಂದ ಗೋಲು ಹೊಡೆಯುವುದರಲ್ಲಿ ಹೆಸರಾದವರು.

ಆದರೆ ಇದು ಉಳಿದುಕೊಂಡವರ ಪಟ್ಟಿ. 14ನೇ ವಯಸ್ಸಿಗೆ ಆಟ ಬಿಟ್ಟು ಟ್ಯೂಷನ್‌ಗೆ ಸೇರಿದವರ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ. ನನ್ನ ಕೆಲಸವೆಲ್ಲ ಆ ಎರಡನೇ ಪಟ್ಟಿಯನ್ನು ಚಿಕ್ಕದು ಮಾಡುವುದು, ಮತ್ತು ಅದು ಶುರುವಾಗುವುದು ಬಾಲಿನಿಂದ ಅಲ್ಲ, ಅಳತೆ ಟೇಪಿನಿಂದ.

'ಸಣ್ಣವನು' ಎಂಬ ಒಂದೇ ಮಾತಿನಲ್ಲಿ ಇಬ್ಬರು ಬೇರೆ ಬೇರೆ ಹುಡುಗರಿದ್ದಾರೆ. ಒಬ್ಬ ದೊಡ್ಡವನಾದ ಮೇಲೂ ಸಣ್ಣವನೇ. ಇನ್ನೊಬ್ಬ ತಡವಾಗಿ ಬೆಳೆಯುವವನು, ಸದ್ಯಕ್ಕೆ ಮಾತ್ರ ಸಣ್ಣವನು. ಇಬ್ಬರಿಗೂ ಒಂದೇ ಔಷಧ ಕೊಟ್ಟರೆ ಕೆಡುತ್ತದೆ. ಅಂದಾಜಿಗೆ ಒಂದು ಸರಳ ಲೆಕ್ಕವಿದೆ: ಅಪ್ಪನ ಎತ್ತರ, ಅಮ್ಮನ ಎತ್ತರ ಸೆಂ.ಮೀ.ಗಳಲ್ಲಿ ಕೂಡಿಸಿ, ಹುಡುಗನಾದರೆ 13 ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸುವುದು. ಅಪ್ಪ 168, ಅಮ್ಮ 154 ಇದ್ದರೆ ಮಗ ಸುಮಾರು 167.5ರ ಹತ್ತಿರ ನಿಲ್ಲಬಹುದು, 8-9 ಸೆಂ.ಮೀ. ಆಚೀಚೆ ಆಗುವುದು ಮಾಮೂಲು. ಈಗ 13 ವರ್ಷದ ಆ ಹುಡುಗ 141 ಸೆಂ.ಮೀ. ಇದ್ದಾನೆ ಅಂದುಕೊಳ್ಳಿ. ಮುಟ್ಟಬೇಕಾದ ಎತ್ತರದಲ್ಲಿ ಅವನು ಮುಟ್ಟಿರುವುದು ಶೇಕಡಾ 84. ಅವನನ್ನು ಭುಜದಿಂದ ಗುದ್ದಿ ಬೀಳಿಸುತ್ತಿರುವ 158ರ ಹುಡುಗನ ಅಪ್ಪ-ಅಮ್ಮನೂ ಅಷ್ಟೇ ಎತ್ತರದವರಾಗಿದ್ದರೆ, ಅವನು ಆಗಲೇ ಶೇಕಡಾ 94 ಮುಟ್ಟಿಯಾಯಿತು. ಹುಡುಗರು ಸರ್ರನೆ ಬೆಳೆಯುವ ಕಾಲ ಸಾಮಾನ್ಯವಾಗಿ ಶೇಕಡಾ 90ರ ಆಸುಪಾಸಿನಲ್ಲಿ ಬರುತ್ತದೆ. ಒಬ್ಬನಿಗೆ ಅದು ಮುಗಿದಿದೆ, ಇನ್ನೊಬ್ಬನಿಗೆ ಇನ್ನೂ ಬಂದೇ ಇಲ್ಲ. ಸ್ಕೋರ್ ಬೋರ್ಡಿನಲ್ಲಿ ಮಾತ್ರ ಇಬ್ಬರೂ '14ರೊಳಗಿನವರು'.

ಅಪ್ಪನ ಎತ್ತರವನ್ನು ಕೇಳಬೇಡಿ, ಅಳೆಯಿರಿ. ಕೇಳಿದರೆ ಎರಡು ಬೆರಳು ಸೇರಿಸಿಯೇ ಹೇಳುತ್ತಾರೆ.

ಹುಡುಗರನ್ನು ಮೂರು ತಿಂಗಳಿಗೊಮ್ಮೆ ಅಳೆಯುತ್ತೇನೆ: ಬೆಳಗಿನ ಹೊತ್ತು, ಬರಿಗಾಲು, ಅದೇ ಗೋಡೆ, ತಲೆಯ ಮೇಲೆ ದಪ್ಪ ರಟ್ಟಿನ ಪುಸ್ತಕ. ಬೆಳಗ್ಗೆಗೂ ಸಂಜೆಗೂ ಒಂದು ಸೆಂ.ಮೀ. ವ್ಯತ್ಯಾಸ ಸಲೀಸಾಗಿ ಬರುತ್ತದೆ, ಆದ್ದರಿಂದ ಹೊತ್ತು ಬದಲಾದರೆ ಲೆಕ್ಕವೇ ಸುಳ್ಳು. ಜೊತೆಗೆ ಸ್ಟೂಲಿನ ಮೇಲೆ ಕೂರಿಸಿ ಕೂತ ಎತ್ತರವನ್ನೂ ಬರೆದುಕೊಳ್ಳುತ್ತೇನೆ. ಕಾಲು ಮೊದಲು ಬೆಳೆಯುತ್ತದೆ, ಮುಂಡ ಆಮೇಲೆ. ಕೂತ ಎತ್ತರ ಹಾಗೇ ಇದ್ದು ನಿಂತ ಎತ್ತರ ಏರುತ್ತಿದ್ದರೆ ಬೆಳವಣಿಗೆಯ ಓಟ ಶುರುವಾಗಿದೆ ಎಂದರ್ಥ. ಅದಕ್ಕೂ ಮೊದಲೇ ಸುಳಿವು ಕೊಡುವುದು ಶೂ ನಂಬರ್.

ಹುಟ್ಟಿದ ತಿಂಗಳನ್ನೂ ನೋಡಬೇಕು. ವಯೋಮಿತಿಯ ಗಡಿ ಜನವರಿ 1. ಡಿಸೆಂಬರ್‌ನಲ್ಲಿ ಹುಟ್ಟಿದವನು ಅದೇ ಗುಂಪಿನ ಜನವರಿ ಹುಡುಗನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ಚಿಕ್ಕವನು. ಇದರ ಮೇಲೆ ಸರ್ಟಿಫಿಕೇಟಿನಲ್ಲಿ ವಯಸ್ಸು ಇಳಿಸಿಕೊಂಡು ಬರುವವರು ಬೇರೆ. ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ವಯಸ್ಸು ಹೇಳುವ ಟಿಡಬ್ಲ್ಯೂ3 ಪರೀಕ್ಷೆ ಇದೆ, ಆದರೆ ಎಲ್ಲ ಮಟ್ಟದ ಟೂರ್ನಿಗಳಿಗೂ ಅದು ಇಳಿದಿಲ್ಲ. ತಿಂಗಳಿಗೊಂದೆರಡು ಸಲ ನಾನು ವಯಸ್ಸು ಬಿಟ್ಟು, ಮುಟ್ಟಿದ ಎತ್ತರದ ಶೇಕಡಾವಾರು ನೋಡಿ ತಂಡ ಮಾಡಿ ಆಡಿಸುತ್ತೇನೆ. ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ಇದಕ್ಕೆ ಬಯೋ-ಬ್ಯಾಂಡಿಂಗ್ ಅನ್ನುತ್ತಾರೆ. ಅವತ್ತು ಸಣ್ಣವನು ಮಿಡ್‌ಫೀಲ್ಡ್‌ನಲ್ಲಿ ಬಾಯಿಬಿಟ್ಟು ಕೂಗಿ ಬಾಲ್ ಕೇಳುತ್ತಾನೆ. ಅಷ್ಟು ದಿನ ದೊಡ್ಡವರ ನಡುವೆ ಬಾಯಿ ಮುಚ್ಚಿಕೊಂಡಿದ್ದವನು. ದೊಡ್ಡ ಮೈಯವನಿಗೆ ಅವತ್ತು ಗುದ್ದಿ ಗೆಲ್ಲುವುದು ಆಗುವುದಿಲ್ಲ, ಅವನೂ ಪಾಸ್ ಹುಡುಕಲೇಬೇಕಾಗುತ್ತದೆ.

ಈಗ ಬಾಲಿನ ಕೆಲಸ. ಸಣ್ಣ ಹುಡುಗನನ್ನು ಹಾಳು ಮಾಡುವುದು ಅವನ ಡ್ರಿಬಲ್‌ಗೆ ಬೀಳುವ ಚಪ್ಪಾಳೆ. ಗಂಟೆಗೆ ಬಾಡಿಗೆ ಕೊಟ್ಟು ಆಡುವ ಟರ್ಫ್‌ಗಳಲ್ಲಿ ಸುತ್ತ ಬಲೆ, ಚಿಕ್ಕ ಗೋಲು, ಆಫ್‌ಸೈಡ್ ಇಲ್ಲ. ಅಲ್ಲಿ ಮೂವರನ್ನು ದಾಟಿದರೆ ಗೋಲು. ಅದೇ ಹುಡುಗ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಹನ್ನೊಂದು ಜನರ ಆಟಕ್ಕೆ ಇಳಿದರೆ ಮೂವರನ್ನು ದಾಟುವ ಹೊತ್ತಿಗೆ ನಾಲ್ಕನೆಯವನು ಬಂದು ಮೈಮೇಲೆ ಬಿದ್ದಿರುತ್ತಾನೆ. ದೊಡ್ಡ ಕ್ಲಬ್ಬಿನ ಕಣ್ಣು ನೋಡುವುದು ಬಾಲ್ ಸಿಕ್ಕ ಮೇಲಿನ ಆಟವನ್ನಲ್ಲ, ಸಿಗುವುದಕ್ಕೆ ಎರಡು ಸೆಕೆಂಡ್ ಮುಂಚಿನದನ್ನು.

ಅದಕ್ಕೆ ನಾನು ಮಾಡಿಸುವ ಅಭ್ಯಾಸ ಇಷ್ಟೇ. 8 ಮೀಟರ್ ಚೌಕ, ನಾಲ್ಕು ಕೋನ್. ಹುಡುಗ ನಡುವೆ. ಚೌಕದಾಚೆ ಬಾಲ್ ಕೊಡುವವನು ಅವನಿಂದ 10 ಮೀಟರ್ ದೂರ. ಬೆನ್ನ ಹಿಂದೆ ಮೂರನೆಯವನು, ಮೇಲೆತ್ತಿದ ಕೈಯಲ್ಲಿ ಒಂದರಿಂದ ಐದು ಬೆರಳು. ಗಟ್ಟಿ ಪಾಸ್ 10 ಮೀಟರ್ ದಾಟಲು ಸುಮಾರು ಒಂದು ಸೆಕೆಂಡು. ಹುಡುಗ ಎರಡು ಸಲ ಹಿಂದೆ ನೋಡಬೇಕು: ಪಾಸ್ ಕೊಡುವವನು ಬಾಲನ್ನು ಸರಿಮಾಡಿಕೊಳ್ಳುವಾಗ ಒಮ್ಮೆ, ಬಾಲ್ ದಾರಿಯಲ್ಲಿರುವಾಗ ಇನ್ನೊಮ್ಮೆ. ಬಾಲ್ ಮುಟ್ಟುವ ಮೊದಲು ಬೆರಳಿನ ಲೆಕ್ಕ ಕೂಗಿ ಹೇಳಬೇಕು. ಹಿಂದಿನವನು ಕೊನೆಯ ಕ್ಷಣದಲ್ಲಿ ಬೆರಳು ಬದಲಿಸುತ್ತಾನೆ. ಮೊದಲ ಎರಡು ವಾರ ಎಲ್ಲರೂ ಕತ್ತನ್ನು ಗಿರಗಿರ ತಿರುಗಿಸುತ್ತಾರೆ, ಏನೂ ನೋಡಿರುವುದಿಲ್ಲ. ಕೋಚ್‌ನನ್ನು ಮೆಚ್ಚಿಸುವ ನಾಟಕ ಅದು. ಬೆರಳು ಕೇಳಿದ ತಕ್ಷಣ ನಾಟಕ ಬಯಲಾಗುತ್ತದೆ. ಹತ್ತಕ್ಕೆ ಎಂಟು ಸರಿ ಬರುವ ತನಕ ಡಿಫೆಂಡರ್‌ನನ್ನು ಒಳಗೆ ಬಿಡುವುದಿಲ್ಲ.

ಆಮೇಲೆ ಮೈ ನಿಲ್ಲಿಸುವ ರೀತಿ. ಬಾಲಿಗೆ ಎದೆ ಕೊಟ್ಟು ನೇರ ನಿಂತರೆ ಬೆನ್ನಿಗೆ ಭಾರದ ಡಿಫೆಂಡರ್ ಬಂದು ಅಂಟುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು. ಅರ್ಧ ಓರೆಯಾಗಿ ನಿಂತು, ಬಾಲನ್ನು ದೂರದ ಕಾಲಿಗೆ ಬರಬಿಟ್ಟರೆ ಮೊದಲ ಟಚ್‌ನಲ್ಲೇ ಮುಂದಕ್ಕೆ ಹೊರಟಾಯಿತು. ತಪ್ಪು ಆಗುವುದು ಎಲ್ಲಿ ಅಂದರೆ, ಕಾಲನ್ನು ಗಟ್ಟಿ ಹಿಡಿದು ಬಾಲನ್ನು ಕೊಲ್ಲುತ್ತಾರೆ. ಅದು ಪಾದದಡಿ ಸತ್ತು ನಿಲ್ಲುತ್ತದೆ, ಇವನೂ ನಿಲ್ಲುತ್ತಾನೆ. ನನಗೆ ಬೇಕಾದ ಮೊದಲ ಟಚ್ ಒಂದೂವರೆ ಮೀಟರ್ ದೂರ ಹೋಗಬೇಕು, ಡಿಫೆಂಡರ್ ಇಲ್ಲದ ಕಡೆಗೆ.

ಗುದ್ದಾಟ ತಪ್ಪಿಸು ಎಂದು ಸಣ್ಣವರಿಗೆ ಹೇಳಿಕೊಡುವ ಕೋಚ್‌ಗಳ ಮಾತನ್ನು ನಾನು ಒಪ್ಪುವುದಿಲ್ಲ. ತಪ್ಪಿಸಲಾಗದು. ಕಲಿಸಬೇಕಾದದ್ದು ಯಾವಾಗ ತಾಗಬೇಕು ಎಂಬುದು. ಬಾಲ್ ಬರುವ ಮುಂಚೆ ಇವನೇ ಮೊದಲು ಡಿಫೆಂಡರ್‌ಗೆ ತಾಗಬೇಕು: ಮೊಣಕಾಲು ಬಗ್ಗಿಸಿ, ಸೊಂಟ ಕೆಳಗಿಳಿಸಿ, ಮಡಿಸಿದ ಮುಂಗೈಯಿಂದ ಅವನು ಎಲ್ಲಿದ್ದಾನೆಂದು ತಿಳಿದುಕೊಳ್ಳುವಷ್ಟು. ಕೈ ಚಾಚಿ ತಡೆದರೆ ಫೌಲ್. ಬಾಲ್ ಆಡುವ ದೂರದಲ್ಲಿದ್ದರೆ ನಡುವೆ ಮೈ ಇಟ್ಟು ಕಾಯುವುದಕ್ಕೆ ನಿಯಮದಲ್ಲಿ ಅವಕಾಶವಿದೆ. ಬಾಲ್ ಮುಂದೆ ತಳ್ಳಿದ ಮೇಲೆ ಎರಡನೇ ಹೆಜ್ಜೆಯನ್ನು ಡಿಫೆಂಡರ್ ಓಡುವ ದಾರಿಗೆ ಅಡ್ಡ ಇಡಬೇಕು. ಅವನು ನಿಲ್ಲಬೇಕು, ಇಲ್ಲವೇ ಹಿಂದಿನಿಂದ ಬೀಳಿಸಿ ಫ್ರೀ ಕಿಕ್ ಕೊಡಬೇಕು. ಈ ಅಡ್ಡ ಹೆಜ್ಜೆಯೊಂದು ಬಂದರೆ 45 ಕೆ.ಜಿ. ಹುಡುಗ 60 ಕೆ.ಜಿ. ಹುಡುಗನ ಮುಂದೆ ಬದುಕುತ್ತಾನೆ.

ಎತ್ತರದ ಬಾಲಿಗೆ ನೆಗೆಯಬೇಕೇ? ಪ್ರತಿ ಸಲ ಬೇಡ. ಇಬ್ಬರು ಎತ್ತರದವರು ನೆಗೆದಾಗ ಬಾಲ್ ಸಾಮಾನ್ಯವಾಗಿ ಮೂರ್ನಾಲ್ಕು ಮೀಟರ್ ಆಚೆ ಬೀಳುತ್ತದೆ, ಇವನು ಅಲ್ಲಿ ಇರಬೇಕು. ನಮ್ಮ ಕೆಂಪು ಮಣ್ಣಿನ ಗಟ್ಟಿ ಮೈದಾನದಲ್ಲಿ ಬಾಲ್ ಎದೆಯ ಮಟ್ಟಕ್ಕೆ ಪುಟಿಯುವುದು ಸಣ್ಣವನಿಗೆ ದೊಡ್ಡ ತೊಂದರೆ. ನಿಯಮದ ಪ್ರಕಾರ ಬಾಲಿನ ಗಾಳಿ 8.5ರಿಂದ 15.6 ಪಿಎಸ್‌ಐ ಇರಬಹುದು. ಮಣ್ಣಿನ ಮೇಲೆ ನಾನು 9ಕ್ಕೆ ನಿಲ್ಲಿಸುತ್ತೇನೆ. ಪಂಪಿಗೆ ಒಂದು ಗೇಜ್ ಇಟ್ಟುಕೊಳ್ಳಿ, ಹೆಬ್ಬೆರಳಿನ ಅಂದಾಜು ನಂಬಬೇಡಿ. 12 ವರ್ಷ ತುಂಬುವ ತನಕ 4ನೇ ಸೈಜ್ ಬಾಲೇ ಸಾಕು.

ಹಾಗೆಂದು ಡ್ರಿಬಲ್‌ಗೆ ಬೀಗ ಹಾಕಬೇಡಿ. ಇಡೀ ಮ್ಯಾಚಿಗೆ 'ಎರಡೇ ಟಚ್' ಎಂದರೆ ಅವನ ಬಳಿ ಇರುವ ಒಂದೇ ಆಸ್ತಿಯನ್ನು ಕಿತ್ತುಕೊಂಡಂತೆ. ನಮ್ಮ ಅರ್ಧದಲ್ಲಿ ಎರಡು ಟಚ್, ಎದುರಾಳಿಯ ಕೊನೆಯ ಮೂರನೇ ಭಾಗದಲ್ಲಿ ಎಷ್ಟು ಬೇಕಾದರೂ.

ಜಾಗದ ವಿಚಾರ. ಸಣ್ಣವನು ಅಂದಕೂಡಲೇ ವಿಂಗ್‌ಗೆ, ಅಂದರೆ ಮೈದಾನದ ಅಂಚಿಗೆ, ತಳ್ಳುವುದು ಚಾಳಿ. ಅಲ್ಲಿ ಸುಣ್ಣದ ಗೆರೆಯೇ ಎರಡನೇ ಡಿಫೆಂಡರ್. ಓಟ ಇಲ್ಲದವನು ಮೂಲೆಯಲ್ಲಿ ಸಿಕ್ಕಿಬೀಳುತ್ತಾನೆ. ಕಣ್ಣು ಚುರುಕಿದ್ದರೆ 4-3-3ರ (ನಾಲ್ವರು ಹಿಂದೆ, ಮೂವರು ನಡುವೆ, ಮೂವರು ಮುಂದೆ ನಿಲ್ಲುವ ಜೋಡಣೆಯ) ಒಳ ಮಿಡ್‌ಫೀಲ್ಡ್, ಓಟ ಮತ್ತು ಶಿಸ್ತು ಇದ್ದರೆ ಫುಲ್‌ಬ್ಯಾಕ್, ಅಂದರೆ ಅಂಚಿನ ಡಿಫೆಂಡರ್. ಬಾಯರ್ನ್ ಮ್ಯೂನಿಕ್‌ನ ಫಿಲಿಪ್ ಲಾಮ್ 170 ಸೆಂ.ಮೀ. ಎತ್ತರದಲ್ಲೇ ಆ ಜಾಗದಿಂದ 2014ರ ವಿಶ್ವಕಪ್ ಗೆದ್ದ ಜರ್ಮನಿಯ ನಾಯಕನಾದವರು. ಒಂದು ಕಹಿ ಮಾತನ್ನೂ ಹೇಳಿಬಿಡಬೇಕು: ಸಣ್ಣವನು, ಕೌಶಲ ಇದೆ, ಆದರೆ ಮೊದಲ 5 ಮೀಟರ್ ನಿಧಾನ, ಕಣ್ಣೂ ನಿಧಾನ ಎಂದರೆ ದೊಡ್ಡ ಕ್ಲಬ್ಬಿನಲ್ಲಿ ಅವನಿಗೆ ಜಾಗವಿಲ್ಲ. ಎರಡರಲ್ಲಿ ಒಂದಾದರೂ ಚುರುಕಿರಲೇಬೇಕು. ಪರೀಕ್ಷೆಗೆ ಮೊಬೈಲಿನ ಸ್ಲೋ ಮೋಷನ್ ಸಾಕು: 5 ಮತ್ತು 10 ಮೀಟರ್‌ಗೆ ಕೋನ್ ಇಟ್ಟು, ನಿಂತ ಜಾಗದಿಂದ ಮೂರು ಸಲ ಓಡಿಸಿ, ಚೆನ್ನಾಗಿ ಬಂದದ್ದನ್ನು ಬರೆದಿಡುವುದು.

ಬೆಳವಣಿಗೆಯ ಓಟ ಶುರುವಾದಾಗ, ಅಂದರೆ ಮೂರು ತಿಂಗಳಲ್ಲಿ 2 ಸೆಂ.ಮೀ. ದಾಟಿದಾಗ, ಹುಡುಗನ ಟಚ್ ಕೆಡುತ್ತದೆ. ನಿನ್ನೆಯವರೆಗೆ ತನ್ನದಾಗಿದ್ದ ಕಾಲು ಇವತ್ತು ಬೇರೆಯವರದ್ದು. ಬಹಳಷ್ಟು ಕಡೆ ತಂಡದಿಂದ ಕೈಬಿಡುವುದೂ ಈ ಹೊತ್ತಿನಲ್ಲೇ. ಮೊಣಕಾಲಿನ ಚಿಪ್ಪಿನ ಕೆಳಗಿನ ಗಂಟು ನೋವು, ಹಿಮ್ಮಡಿ ನೋವು ಈಗಲೇ ಬರುವುದು. 'ಆಟದಲ್ಲಿ ಇದೆಲ್ಲ ಇದ್ದದ್ದೇ' ಎಂದು ಓಡಿಸಿದರೆ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ. ನೆಗೆತ, ಗಟ್ಟಿ ನೆಲದ ಓಟ ಅರ್ಧಕ್ಕೆ ಇಳಿಸಿ, ಗೋಡೆಗೆ ಬಾಲ್ ಹೊಡೆದು ಹಿಡಿಯುವ ಕೆಲಸ ದಿನಕ್ಕೆ 15 ನಿಮಿಷ ಹೆಚ್ಚಿಸುತ್ತೇನೆ. ವಾರಕ್ಕೆರಡು ಸಲ 20 ನಿಮಿಷದ ಬಸ್ಕಿ, ಲಂಜ್, ಪ್ಲಾಂಕ್ ಮಾತ್ರ ನೋವಿಲ್ಲದಿದ್ದರೆ ಮುಂದುವರಿಯುತ್ತದೆ. ಮತ್ತು ಶೂ: 'ಮುಂದಿನ ವರ್ಷಕ್ಕೂ ಆಗಲಿ' ಎಂದು ಒಂದು ನಂಬರ್ ದೊಡ್ಡದು ಕೊಡಿಸುವುದು ನಮ್ಮ ಮನೆಗಳ ಪದ್ಧತಿ. ಬಾಲನ್ನು ಕಾಲ್ಬೆರಳಿನಿಂದಲ್ಲ, ಶೂವಿನ ಖಾಲಿ ಮೂತಿಯಿಂದ ಮುಟ್ಟುವ ಹುಡುಗ ಯಾವ ಸ್ಕಿಲ್ ತೋರಿಸಿಯಾನು? ಹೆಬ್ಬೆರಳ ಮುಂದೆ ಅರ್ಧ ಬೆರಳಷ್ಟು ಜಾಗ ಸಾಕು. ಮಣ್ಣಿಗೆ ಅಡಿಯಲ್ಲಿ ಗಿಡ್ಡ ರಬ್ಬರ್ ಗುಬ್ಬಿಗಳಿರುವ (ಸ್ಟಡ್) ಶೂವೇ ಸರಿ.

ಊಟಕ್ಕೆ ಹೆಚ್ಚು ಹೇಳುವುದಿಲ್ಲ: ಮೊಟ್ಟೆ, ಕಡ್ಲೆಬೀಜ, ಹಾಲು, ಮುದ್ದೆ-ಸಾರು, ಒಂಬತ್ತು ಗಂಟೆ ನಿದ್ದೆ. ಎತ್ತರ ಬೆಳೆಸುವ ಡಬ್ಬದ ಪುಡಿಗೆ ಕೊಡುವ ದುಡ್ಡಿನಲ್ಲಿ ಎಷ್ಟೋ ಡಜನ್ ಮೊಟ್ಟೆ ಬರುತ್ತವೆ. ಮೆಸ್ಸಿಗೆ ಕೊಟ್ಟ ಹಾರ್ಮೋನ್ ಇಂಜೆಕ್ಷನ್ ನಮ್ಮ ಹುಡುಗನಿಗೂ ಕೊಡಿಸೋಣವೇ ಎಂದು ಕೇಳುವವರಿದ್ದಾರೆ. ಮೆಸ್ಸಿಗೆ ಇದ್ದದ್ದು ಬೆಳವಣಿಗೆಯ ಹಾರ್ಮೋನಿನ ಕೊರತೆ ಎಂಬ ಕಾಯಿಲೆ. ಅದು ಇದೆಯೇ ಎಂದು ಹೇಳಬೇಕಾದವರು ಮಕ್ಕಳ ಹಾರ್ಮೋನ್ ತಜ್ಞರು, ಮೂಳೆ ವಯಸ್ಸಿನ ಎಕ್ಸ್‌ರೇ ಮತ್ತು ರಕ್ತಪರೀಕ್ಷೆ ನೋಡಿ. ಸುಮ್ಮನೆ ಸಣ್ಣಗಿರುವುದು ಕಾಯಿಲೆಯಲ್ಲ. ಹಾಗೆಯೇ, 13ನೇ ವಯಸ್ಸಿಗೆ ಬಾರ್ಸಿಲೋನಾ ಸೇರಿದ ದಾರಿಯೂ ನಮ್ಮವರಿಗೆ ತೆರೆದಿಲ್ಲ. ಕೆಲವು ವಿನಾಯಿತಿ ಬಿಟ್ಟರೆ 18 ತುಂಬದವರನ್ನು ಬೇರೆ ದೇಶದ ಕ್ಲಬ್ಬಿಗೆ ನೋಂದಾಯಿಸುವುದನ್ನು ಫಿಫಾ ನಿಯಮ ತಡೆಯುತ್ತದೆ. 'ಸ್ಪೇನ್ ಟ್ರಯಲ್' ಎಂದು ಲಕ್ಷಗಟ್ಟಲೆ ಕೇಳುವವರ ಮುಂದೆ ಈ ನಿಯಮವನ್ನು ಇಟ್ಟು ಪ್ರಶ್ನಿಸಿ.

ಟ್ರಯಲ್‌ನಲ್ಲಿ ಸಿಗುವುದು ಇಪ್ಪತ್ತು-ಇಪ್ಪತ್ತೈದು ನಿಮಿಷ, ಗುರುತಿಲ್ಲದ ಹುಡುಗರ ಜೊತೆ. ಮೊದಲ ಮೂರು ಬಾಲ್ ಸಲೀಸಾಗಿ ಕೊಟ್ಟುಬಿಡು ಎನ್ನುತ್ತೇನೆ, ಆಗ ನಾಲ್ಕನೆಯದನ್ನು ಉಳಿದವರು ಇವನಿಗೇ ಕೊಡುತ್ತಾರೆ. ವಿಡಿಯೋ ಕಳಿಸುವುದಾದರೆ ನಾಲ್ಕು ನಿಮಿಷ, ಹಾಡು ಬೇಡ, ಪ್ರತಿ ತುಣುಕೂ ಬಾಲ್ ಬರುವ ಮೂರು ಸೆಕೆಂಡ್ ಮೊದಲಿನಿಂದ ಶುರುವಾಗಲಿ.

ಬೇಡ ಎಂದರೆ ಅಪ್ಪ ಹೋಗಿ ಜಗಳವಾಡಬಾರದು. ಹುಡುಗನೇ ಹೋಗಿ 'ಸರ್, ಅಳತೆಗೋ, ಆಟಕ್ಕೋ?' ಎಂದು ಕೇಳಲಿ. ಬಹುತೇಕ ಕೋಚ್‌ಗಳು ಮಗುವಿಗೆ ನಿಜ ಹೇಳುತ್ತಾರೆ. ಆಟಕ್ಕೆ ಎಂದರೆ ಯಾವುದು ಎಂದು ಬರೆದುಕೊಂಡು ಬರಬೇಕು. ಅಳತೆಗೆ ಎಂದರೆ ಆ ದಿನದ ಎತ್ತರ ನೋಟ್‌ಬುಕ್‌ನಲ್ಲಿ ಬರೆದು, 5 ಸೆಂ.ಮೀ. ಏರಿದ ಮೇಲೆ ಅದೇ ಕ್ಲಬ್ಬಿಗೆ ಮತ್ತೆ ಕರೆದುಕೊಂಡು ಹೋಗುತ್ತೇನೆ. 16 ದಾಟಿದವನಾದರೆ ನಡುವಿನ ಆ ಕಾಲಕ್ಕೆ ಕೆಎಸ್‌ಎಫ್‌ಎ (ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ) ಲೀಗಿನ ಸಿ ಡಿವಿಷನ್ ತಂಡವೊಂದನ್ನು ಹುಡುಕಿಕೊಡುತ್ತೇನೆ, ಬೆಂಚಿನಲ್ಲಿ ಕೂರಿಸದೆ ಆಡಿಸುವ ತಂಡ. ಕೆಲಸ ಮುಗಿಸಿ ಬಂದ ಮೂವತ್ತರ ಡಿಫೆಂಡರ್‌ಗಳು ಅಲ್ಲಿ ಭುಜ ಕೊಡುವಾಗ ವಯಸ್ಸು ಕೇಳುವುದಿಲ್ಲ.