ಬೆರಳಿಗಿಂತ ಜಾಗ ಮುಖ್ಯ: ವಿಆರ್‌ನಲ್ಲಿ ಸನ್ನೆ ಭಾಷೆ, ನನ್ನ ಅನುಭವ

ಹೋದ ಭಾನುವಾರ ನಾವು ಏಳು ಜನ ವಿಆರ್‌ನಲ್ಲಿ, ಅಂದರೆ ಹೆಡ್‌ಸೆಟ್ ಹಾಕಿಕೊಂಡು ಹೋಗುವ ಕಂಪ್ಯೂಟರ್ ಲೋಕದಲ್ಲಿ, ಅರ್ಧ ವೃತ್ತವಾಗಿ ಕೂತು ಎರಡೂವರೆ ಗಂಟೆ ಮಾತಾಡಿದೆವು. ಏಳರಲ್ಲಿ ಐದು ಜನಕ್ಕೆ ಕಿವಿ ಕೇಳುವುದಿಲ್ಲ. ಒಬ್ಬರೂ ಒಂದಕ್ಷರ ಟೈಪ್ ಮಾಡಲಿಲ್ಲ. ನನ್ನ ತಮ್ಮ ಏನೋ ಕತೆ ಹೇಳುತ್ತಿದ್ದ. ಹೇಳುತ್ತಾ ಹೇಳುತ್ತಾ, ಪಕ್ಕಕ್ಕೆ ತಿರುಗಿಯೂ ನೋಡದೆ, ಬಲಗಡೆ ಕೂತವನತ್ತ ಬೆರಳು ಮಾಡಿ "ಬೀಗದ ಕೈ ಕಳೆದಿದ್ದು ಇವನೇ" ಅಂದ. ಉಳಿದವರ ತಲೆಗಳೆಲ್ಲ ಒಟ್ಟಿಗೆ ಆ ಕಡೆ ತಿರುಗಿದವು. ನಾನು ಎರಡೂವರೆ ವರ್ಷ ಒದ್ದಾಡಿದ್ದು ಆ ಒಂದು ಕ್ಷಣಕ್ಕೆ.

ಆಗಲ್ಲ ಅಂದವರೇ ಜಾಸ್ತಿ. "ವಿಡಿಯೋ ಕಾಲ್ ಇದೆಯಲ್ಲ, ಇದೆಲ್ಲ ಯಾಕೆ?" ಅಂತ ಒಬ್ಬರು. "ಕಂಟ್ರೋಲರ್ ಹಿಡ್ಕೊಂಡು ಸನ್ನೆ ಭಾಷೆನಾ? ಬೆರಳೇ ಬರಲ್ವಲ್ಲ ಮೇಡಂ, ಸುಮ್ನೆ ದುಡ್ಡು ಕಳೀಬೇಡಿ" ಅಂತ ವಿಆರ್‌ನಲ್ಲಿ ನನಗಿಂತ ಹಳಬರಾದ ಇನ್ನೊಬ್ಬರು. ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಮೊದಲ ದಿನ ನನ್ನ ತಮ್ಮನೂ ಹತ್ತು ನಿಮಿಷಕ್ಕೆ ಹೆಡ್‌ಸೆಟ್ ತೆಗೆದಿಟ್ಟ. ಆಮೇಲೆ ವಿಡಿಯೋ ಕಾಲ್‌ಗೆ ಬಂದು, "ಅಕ್ಕ, ನೀನು ಎರಡೂ ಕೈಗೆ ಚೀಲ ಕಟ್ಟಿಕೊಂಡು ಮಾತಾಡಿದ ಹಾಗಿತ್ತು" ಅಂದ.

ವಿಡಿಯೋ ಕಾಲ್ ಸಾಕು ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ಇಬ್ಬರೇ ಇದ್ದರೆ ಸಾಕು. ಆರು ಜನ ಆದ ಕೂಡಲೇ ಕೆಟ್ಟಿತು. ಸನ್ನೆ ಭಾಷೆಯಲ್ಲಿ ನಾನು, ನೀನು, ಅವನು ಅನ್ನುವುದೆಲ್ಲ ಬೆರಳು ತೋರಿಸುವುದರಲ್ಲೇ ಇದೆ. ಪರದೆಯ ಮೇಲೆ ಎಲ್ಲರೂ ಒಂದೊಂದು ಚೌಕದಲ್ಲಿ ಕೂತಿರುತ್ತಾರೆ. ನನ್ನ ಪರದೆಯಲ್ಲಿ ಬಲಕ್ಕಿರುವವರು ನಿಮ್ಮ ಪರದೆಯಲ್ಲಿ ಮೇಲಿರಬಹುದು. ನಾನು ಬಲಕ್ಕೆ ಬೆರಳು ಮಾಡಿದರೆ ಅದು ಯಾರಿಗೂ ತಾಗುವುದಿಲ್ಲ. ಪ್ರತಿ ಸಲ ಹೆಸರು ಹೇಳಬೇಕು. ಒಂದು ಗಂಟೆ ಹಾಗೆ ಮಾತಾಡಿ ನೋಡಿ, ತಲೆನೋವು ಬರುತ್ತದೆ.

ಮೊದಲು ಮಾಡಿದ್ದು ಎಲ್ಲರ ಹತ್ತಿರ ಇರುವ ಸಾಮಾನ್ಯ ಕಂಟ್ರೋಲರ್‌ನಲ್ಲಿ, ಜನ ಸೇರಿ ಮಾತಾಡುವ ವಿಆರ್‌ಚಾಟ್ ಅನ್ನುವ ಆ್ಯಪ್ ಒಳಗೆ. ಅಲ್ಲಿ ಸಿಗುವ ಕೈ ಆಕಾರ ಏಳೇ: ಮುಷ್ಟಿ, ಬಿಚ್ಚಿದ ಕೈ, ತೋರುಬೆರಳು, ವಿ, ಕೊಂಬು, ಪಿಸ್ತೂಲು, ಹೆಬ್ಬೆರಳು. ಮನೆ ಮಾತಿನ ಇನ್ನೂರು ಚಿಲ್ಲರೆ ಸನ್ನೆಗಳ ಒಂದು ಪಟ್ಟಿ ಮಾಡಿದ್ದೆ. ಒಂದೊಂದನ್ನೂ ನಾನು ಮಾಡುವುದು, ಅರ್ಥ ಆಯಿತೋ ಇಲ್ಲವೋ ತಮ್ಮ ಗುರುತು ಹಾಕುವುದು. ಸುಮಾರು ಅರವತ್ತು ಅವನಿಗೆ ಅರ್ಥವಾದವು ಅಂತ ನೆನಪು. ಇದು ಸೋಲು ಅಂದುಕೊಂಡು ಪಟ್ಟಿಯನ್ನು ಮಡಚಿಟ್ಟೆ. ಮಡಚಿಟ್ಟಿದ್ದು ತಪ್ಪು, ಅದನ್ನು ಆಮೇಲೆ ಹೇಳುತ್ತೇನೆ.

ಕಂಟ್ರೋಲರ್ ಬೇಡ, ಬರಿಗೈಯನ್ನು ಹೆಡ್‌ಸೆಟ್‌ನ ಕ್ಯಾಮೆರಾ ನೋಡಲಿ ಅಂತ ಹೊರಟೆ. ಮೊದಲ ಹತ್ತು ನಿಮಿಷ ಅದ್ಭುತ ಅನ್ನಿಸಿತು. ಐದೂ ಬೆರಳು ನನ್ನವೇ! ಆಮೇಲೆ ಒಂದೊಂದೇ ಹೊರಬಂತು. ಕ್ಯಾಮೆರಾ ಇರುವುದು ನನ್ನ ಹಣೆಯ ಮೇಲೆ. ಸನ್ನೆ ಮಾಡುವಾಗ ಅಂಗೈ ಇರುವುದು ಎದುರಿನವರ ಕಡೆಗೆ. ಹಾಗಾಗಿ ಕ್ಯಾಮೆರಾಕ್ಕೆ ಕಾಣುವುದು ಬರೀ ಕೈಯ ಹಿಂಭಾಗ. ಮಡಚಿದ ಬೆರಳು ಅದರ ಹಿಂದೆ ಅಡಗಿರುತ್ತದೆ. ಉಂಗುರ ಬೆರಳು ಮಡಚಿದೆಯೋ ಬಿಚ್ಚಿದೆಯೋ, ಸಾಫ್ಟ್‌ವೇರ್ ಊಹೆ ಮಾಡುತ್ತದೆ. ನೀವೇ ನಿಮ್ಮ ಕೈಯ ಹಿಂಭಾಗವನ್ನು ಕಣ್ಣೆದುರು ಹಿಡಿದು ನೋಡಿ, ತಕ್ಷಣ ಗೊತ್ತಾಗುತ್ತದೆ. ಗಲ್ಲದ ಹತ್ತಿರ ಮಾಡುವ ಸನ್ನೆಗೆ ಕೈ ಕ್ಯಾಮೆರಾದ ಕೆಳಗೆ ಹೋಗಿ ಮಾಯ. ಕಿವಿಯ ಪಕ್ಕ ಹೋದರೂ ಮಾಯ. ಒಂದು ಕೈ ಇನ್ನೊಂದರ ಮೇಲೆ ಬಂದರೆ ಎರಡೂ ಅಂಟಿಕೊಂಡು ನಡುಗುತ್ತವೆ.

ಇನ್ನೊಂದು ಕಾಟ ಇತ್ತು. ಅಂಗೈಯನ್ನು ನಮ್ಮ ಕಡೆ ತಿರುಗಿಸಿ ಹೆಬ್ಬೆರಳು, ತೋರುಬೆರಳು ಚಿವುಟಿದರೆ ಮೆನು ತೆರೆದುಕೊಳ್ಳುತ್ತಿತ್ತು. ನಮ್ಮ ದಿನಬಳಕೆಯ ನಾಲ್ಕೈದು ಸನ್ನೆಗಳಿಗೆ ಅದೇ ಆಕಾರ! ವಾಕ್ಯದ ನಡುವೆ ಮೆನು ಬಂದು ಕೂರುತ್ತದೆ, ಕೈ ನಿಂತುಹೋಗುತ್ತದೆ, ಎದುರಿನವರಿಗೆ ನಾನು ಕಲ್ಲಾಗಿ ಕಾಣುತ್ತೇನೆ. ನಾಲ್ಕು ತಿಂಗಳು ಇದರ ಜೊತೆ ಗುದ್ದಾಡಿದೆ. ಬೆಳಕು ಸಾಲದು ಅಂತ ಎರಡು ದೊಡ್ಡ ದೀಪ ತಂದೆ, ತೋಳಿಲ್ಲದ ಅಂಗಿ ಹಾಕಿದೆ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. 2022ರಲ್ಲಿ ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್‌ಗೆ ಬಂದ, ಬರಿಗೈ ಗುರುತಿಸುವ ಹೊಸ ಸಾಫ್ಟ್‌ವೇರ್ ಹ್ಯಾಂಡ್ ಟ್ರ್ಯಾಕಿಂಗ್ 2.0 ವೇಗದ ಕೈಯನ್ನೂ ಒಂದರ ಮೇಲೊಂದು ಬರುವ ಕೈಯನ್ನೂ ಮೊದಲಿಗಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಗುಂಪಿನಲ್ಲಿ ಇಬ್ಬರು ಇವತ್ತಿಗೂ ಬರಿಗೈಯಲ್ಲೇ ಮಾತಾಡುತ್ತಾರೆ. ಆದರೆ ಅವರು ಕೈಯನ್ನು ಒಂದು ಗೇಣು ಮುಂದೆ ಹಿಡಿದು, ಗಲ್ಲದ ಸನ್ನೆಯನ್ನು ಮೂಗಿನ ಮಟ್ಟಕ್ಕೆ ಎತ್ತಿ ಮಾಡುವುದು ಕಲಿತಿದ್ದಾರೆ.

ಆಮೇಲೆ ಗ್ಲವ್ಸ್. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಬೆರಳು ಬಾಗುವುದನ್ನು ಅಳೆಯುವ ಒಂದು ಜೊತೆಯನ್ನು ಹಳೆಯದೇ ಕೊಂಡೆ. ಹಳೆಯದಾದರೂ ಹತ್ತಿರ ಹತ್ತಿರ ಒಂದೂವರೆ ತಿಂಗಳ ಸಂಬಳ. ಇಪ್ಪತ್ತು ನಿಮಿಷಕ್ಕೊಮ್ಮೆ ಅಳತೆ ಜಾರುತ್ತಿತ್ತು. ಮುಷ್ಟಿ ಹಿಡಿದರೆ ಅವತಾರದ (ವಿಆರ್ ಒಳಗೆ ನನ್ನ ಬದಲು ಕಾಣುವ ಬೊಂಬೆಯ) ಕೈ ಅರ್ಧ ತೆರೆದೇ ಇರುತ್ತಿತ್ತು. ಕೈ ಎಲ್ಲಿದೆ ಅಂತ ತಿಳಿಯಲು ಮಣಿಕಟ್ಟಿಗೆ ಬೇರೆ ಟ್ರ್ಯಾಕರ್ ಕಟ್ಟಬೇಕು, ಅದಕ್ಕೂ ದುಡ್ಡು. ಮೂರನೇ ತಿಂಗಳಿಗೆ ಎಡಗೈಯ ಕಿರುಬೆರಳಿನ ತಂತಿ ತುಂಡಾಯಿತು. ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಕೊನೆಗೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿದೆ.

ಮಡಚಿಟ್ಟ ಪಟ್ಟಿಯನ್ನು ಮತ್ತೆ ಬಿಚ್ಚಿದ್ದು ಆಗ. ಅರ್ಥವಾದ ಅರವತ್ತು ಸನ್ನೆ ಯಾಕೆ ಅರ್ಥವಾದವು ಅಂತ ಒಂದೊಂದಾಗಿ ನೋಡಿದೆ. ಅವುಗಳಲ್ಲಿ ಅರ್ಧಕ್ಕೆ ಬೆರಳ ಆಕಾರ ಸರಿಯೇ ಇರಲಿಲ್ಲ! ಆದರೂ ತಮ್ಮನಿಗೆ ಗೊತ್ತಾಗಿತ್ತು. 1960ರಲ್ಲಿ ಅಮೆರಿಕದ ಭಾಷಾ ತಜ್ಞ ವಿಲಿಯಂ ಸ್ಟೋಕಿ ಸನ್ನೆಯನ್ನು ಕೈಯ ಆಕಾರ, ಜಾಗ, ಚಲನೆ ಅಂತ ಮೂರಾಗಿ ಬಿಡಿಸಿ ತೋರಿಸಿದ್ದರು. ಆಮೇಲಿನವರು ಅಂಗೈ ಯಾವ ಕಡೆ ಇದೆ ಅನ್ನುವುದನ್ನು, ಮುಖಭಾವವನ್ನು ಸೇರಿಸಿದರು. ಈಗ ಲೆಕ್ಕ ಹಾಕಿ. ಜಾಗ, ಚಲನೆ, ಅಂಗೈಯ ದಿಕ್ಕು, ಈ ಮೂರನ್ನು ಸಾಮಾನ್ಯ ಕಂಟ್ರೋಲರ್ ಕೂಡ ಚೆನ್ನಾಗಿ ಕೊಡುತ್ತದೆ. ಬೆರಳು ಅರ್ಧ ಸಿಗುತ್ತದೆ. ಮುಖ ಸಿಗುವುದೇ ಇಲ್ಲ. ನಾನು ಮಾತ್ರ ಇಷ್ಟು ದಿನ ಬೆರಳಿಗೇ ದುಡ್ಡು ಸುರಿದೆ. ಮುಖದ ಕಡೆ ನೋಡಿರಲೇ ಇಲ್ಲ.

ಬೆರಳಿಗೆ ನಾನು ಕೊನೆಗೆ ನಿಂತಿದ್ದು ವಾಲ್ವ್ ಇಂಡೆಕ್ಸ್ ಕಂಟ್ರೋಲರ್ ಮೇಲೆ. 2019ರಲ್ಲಿ ಬಂದಾಗ ಜೋಡಿಗೆ 279 ಡಾಲರ್ ಇತ್ತು, ನಾನು ಕೊಂಡಿದ್ದು ಹಳೆಯದು. ಅದರ ಬೆಲ್ಟ್ ಕೈಗೆ ಬಿಗಿಯುವುದರಿಂದ ಪೂರ್ತಿ ಕೈ ಬಿಚ್ಚಬಹುದು. ಒಂದೊಂದು ಬೆರಳು ಬಾಗುವುದೂ ಬೇರೆ ಬೇರೆಯಾಗಿ ಸಿಗುತ್ತದೆ. ಹೆಣೆಯುವುದು ಮಾತ್ರ ಬರುವುದಿಲ್ಲ. ಅಮೆರಿಕನ್ ಸನ್ನೆ ಭಾಷೆಯ ಆರ್ ಅಕ್ಷರಕ್ಕೆ ತೋರುಬೆರಳು, ನಡುಬೆರಳು ಹೆಣೆಯಬೇಕಲ್ವಾ, ಅಂಥದ್ದಕ್ಕೆ ಬದಲಿ ಹುಡುಕಲೇಬೇಕು. ನಮ್ಮ ಭಾರತದ ಸನ್ನೆ ಭಾಷೆಯದು ಎರಡು ಕೈಯ ಬೆರಳಕ್ಷರ, ಅಂದರೆ ಇಂಗ್ಲಿಷ್ ಅಕ್ಷರವನ್ನು ಬೆರಳಲ್ಲಿ ಹೇಳುವುದು. ಎ, ಇ, ಐ, ಓ, ಯು ಹೇಳಲು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದು ತುದಿ ಮುಟ್ಟಬೇಕು. ಕಂಟ್ರೋಲರ್ ಹಿಡಿದು ಮುಟ್ಟಲು ಹೋದರೆ ಟಕ್ ಅಂತ ಎರಡೂ ಡಿಕ್ಕಿ. ನನ್ನ ಬಲಗೈ ಕಂಟ್ರೋಲರ್ ಮೇಲೆ ಇವತ್ತಿಗೂ ಗೀರು ಇದೆ. ಈಗ ನಾವು ಮುಟ್ಟುವುದಿಲ್ಲ. ಆ ಬೆರಳೊಂದನ್ನೇ ಎತ್ತಿ, ಇನ್ನೊಂದು ಕೈಯಿಂದ ಆ ಕಡೆ ತೋರಿಸುತ್ತೇವೆ. ಎರಡನೇ ದಿನಕ್ಕೆ ಎಲ್ಲರಿಗೂ ರೂಢಿಯಾಯಿತು.

ಬೆರಳು ಎಷ್ಟು ಬಾಗಿದರೆ "ಮಡಚಿದೆ" ಅಂತ ಲೆಕ್ಕ ಹಿಡಿಯಬೇಕು ಅನ್ನುವುದನ್ನು ಪ್ರತಿ ಬೆರಳಿಗೂ ಬೇರೆ ಇಟ್ಟಿದ್ದೇನೆ. ಯಾವುದಕ್ಕೆ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಎಂಟು ತಿಂಗಳ ಸಂಜೆಗಳು ಹೋಗಿವೆ. ಉಂಗುರ ಬೆರಳಿನಿಂದ ಶುರು ಮಾಡಿ ಅಂತ ಮಾತ್ರ ಹೇಳುತ್ತೇನೆ.

ಅವತಾರವನ್ನು ಆರು ಸಲ ಬದಲಿಸಿದೆ. ಕೈಯನ್ನು ನಿಜಕ್ಕಿಂತ ಒಂದು ಹದಿನೈದು ಪರ್ಸೆಂಟ್ ದೊಡ್ಡದು ಮಾಡಿ, ಬೆರಳುಗಳ ನಡುವೆ ಸಂದು ಬಿಡಿಸಿ. ಅಂಗಿ ಕಡು ಬಣ್ಣದ್ದು, ಕೈ ತಿಳಿ ಬಣ್ಣದ್ದು, ಚಿತ್ತಾರ ಬೇಡ. ವಿಡಿಯೋದಲ್ಲಿ ಸನ್ನೆ ಮಾಡುವವರು ಯಾಕೆ ಸಾದಾ ಅಂಗಿ ಹಾಕುತ್ತಾರೋ ಅದೇ ಕಾರಣ. ನಾಲ್ಕೇ ಬೆರಳಿರುವ ಕಾರ್ಟೂನ್ ಅವತಾರ ನಮ್ಮ ಕೋಣೆಯೊಳಗೆ ಬರುವ ಹಾಗಿಲ್ಲ.

ಮುಖದ ಕತೆಗೆ ಬರುತ್ತೇನೆ. ನನ್ನ ಮೊದಲ ಅವತಾರದಲ್ಲಿ ಕೈ ಆಕಾರಕ್ಕೂ ಮುಖಕ್ಕೂ ಗಂಟು ಹಾಕಿತ್ತು. ಮುಷ್ಟಿ ಹಿಡಿದರೆ ಸಿಟ್ಟು, ವಿ ಮಾಡಿದರೆ ನಗು. ಸುಮ್ನೆ ಆಡುವವರಿಗೆ ಅದು ಚೆಂದ. ಸನ್ನೆ ಭಾಷೆಗೆ ವಿಷ. ಒಂದು ಸಾವಿನ ಸುದ್ದಿಯನ್ನು ನಾನು ತಮ್ಮನಿಗೆ ಹೇಳುತ್ತಿದ್ದಾಗ ನನ್ನ ಅವತಾರ ಹಲ್ಲು ಬಿಟ್ಟಿತು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವತ್ತೇ ರಾತ್ರಿ ಕೂತು ಆ ಗಂಟುಗಳನ್ನೆಲ್ಲ ಕಿತ್ತು ಹಾಕಿದೆ.

ಕಿತ್ತ ಮೇಲೆ ಮುಖ ಮರದ ಹಾಗಾಯಿತು. "ಬಂದೆಯಾ" ಮತ್ತು "ಬಂದೆ" ಎರಡೂ ಒಂದೇ. ಪ್ರಶ್ನೆ ಇರುವುದು ಹುಬ್ಬಿನಲ್ಲಿ. ಮುಖ ಹಿಡಿಯುವ ಹೆಡ್‌ಸೆಟ್ ಕೊಳ್ಳಬಹುದಿತ್ತು. ಕ್ವೆಸ್ಟ್ ಪ್ರೊ 2022ರಲ್ಲಿ ಬಂದಾಗ 1500 ಡಾಲರ್, ಅದು ನನ್ನ ಕೈಗೆಟುಕುವ ಮಾತಲ್ಲ. ಆಗ ಹೊಳೆದಿದ್ದು ಕಾಲು. ನಾವು ಕೂತು ಮಾತಾಡುತ್ತೇವೆ, ಕಾಲು ಖಾಲಿ ಇದೆ. ಆಡಿಯೋ ಕೇಳಿ ಟೈಪ್ ಮಾಡುವವರು ಬಳಸುವ ಯುಎಸ್‌ಬಿ ಪೆಡಲ್ ಒಂದನ್ನು ತಂದೆ. ವಿಆರ್‌ಚಾಟ್‌ಗೆ 2022ರಿಂದ ಒಎಸ್‌ಸಿ ಅನ್ನುವ ಸೌಲಭ್ಯ ಇದೆ, ಹೊರಗಿನ ಪ್ರೋಗ್ರಾಂನಿಂದ ಅವತಾರಕ್ಕೆ ಸಂಖ್ಯೆ ಕಳಿಸಬಹುದು. ಎಡಪಾದ ಒತ್ತಿದರೆ ಹುಬ್ಬು ಮೇಲೆ, ಬಲಪಾದ ಒತ್ತಿದರೆ ಹುಬ್ಬು ಗಂಟಿಕ್ಕುತ್ತದೆ. ಪ್ರೋಗ್ರಾಂ ಎಂಬತ್ತು ಸಾಲೂ ಇಲ್ಲ. ಇಡೀ ಪ್ರಯೋಗದಲ್ಲಿ ಅತಿ ಕಡಿಮೆ ದುಡ್ಡಿನ ವಸ್ತು ಇದೇ, ಅತಿ ದೊಡ್ಡ ಫಲ ಕೊಟ್ಟಿದ್ದೂ ಇದೇ.

ತಮ್ಮ ಅದಕ್ಕೂ ತಪ್ಪು ಹುಡುಕಿದ. "ಅಕ್ಕ, ಹುಬ್ಬು ತಡವಾಗಿ ಬರ್ತಿದೆ. ನೀನು ಹೇಳಿ ಮುಗಿಸಿದ ಮೇಲೆ ಪ್ರಶ್ನೆ ಆಗ್ತಿದೆ." ಸರಿಯಾಗೇ ಹೇಳಿದ. ಹುಬ್ಬು ಕೈಗಿಂತ ಮೊದಲು ಏಳಬೇಕು, ಪ್ರಶ್ನೆ ಮುಗಿಯುವವರೆಗೂ ಇಳಿಯಬಾರದು. ಮೊದಲು ಕಾಲು, ಆಮೇಲೆ ಕೈ. ಮೂರು ವಾರ ಅಭ್ಯಾಸ ಮಾಡಿದೆ, ಈಗ ಯೋಚನೆಯೇ ಬೇಡ. ಮೊನ್ನೆ ಎದುರಿಗೆ ಕೂತವರ ಜೊತೆ ನಿಜವಾಗಿ ಸನ್ನೆ ಮಾಡುವಾಗಲೂ ನನ್ನ ಎಡಪಾದ ನೆಲ ಒತ್ತುತ್ತಿತ್ತು.

ಈ ನಡುವೆ ಬೇರೆ ದಾರಿಗಳಿಗೂ ಹೋಗಿದ್ದೆ. ಸನ್ನೆಯನ್ನು ಗುರುತಿಸಿ ಕೆಳಗೆ ಅಕ್ಷರ ಬರುವ ಹಾಗೆ ಮಾಡೋಣ ಅಂತ ಐದು ವಾರ ಕೂತೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಮಾಡಿದ, ಸನ್ನೆಯನ್ನು ಮಾತಾಗಿಸುವ ಗ್ಲವ್ಸ್‌ಗೆ 10,000 ಡಾಲರ್ ಬಹುಮಾನ ಬಂದಿತ್ತು. ಸನ್ನೆ ಭಾಷೆ ಬರೀ ಕೈಯಲ್ಲ ಅಂತ ಕಿವುಡ ಸಮುದಾಯದವರೂ ಭಾಷಾ ತಜ್ಞರೂ ಅದನ್ನು ಟೀಕಿಸಿದ್ದರು. ಅದು ಗೊತ್ತಿದ್ದೂ ಕೈ ಹಾಕಿದೆ. ನಲವತ್ತು ಪದ ಬಂದವು, ಆದರೆ ಯಾವುದು ಪ್ರಶ್ನೆ, ಯಾವುದು ಉತ್ತರ ಅಂತ ತಿಳಿಯಲಿಲ್ಲ. ಅಲ್ಲಿಗೇ ಬಿಟ್ಟೆ.

ಭುಜ ತಟ್ಟುವುದು ಮಾತ್ರ ಗೆದ್ದಿತು. ಕಿವಿ ಕೇಳದವರನ್ನು ಕರೆಯಲು ಭುಜ ತಟ್ಟಬೇಕು ಅಥವಾ ಕೈ ಬೀಸಬೇಕು. ವಿಆರ್‌ನಲ್ಲಿ ತಟ್ಟಿದರೆ ಗೊತ್ತಾಗುವುದಿಲ್ಲ, ಬೆನ್ನ ಹಿಂದೆ ಬೀಸಿದರೆ ಕಾಣುವುದಿಲ್ಲ. ಅವತಾರದ ಭುಜಕ್ಕೆ ಕಾಂಟ್ಯಾಕ್ಟ್ (ಯಾರಾದರೂ ಮುಟ್ಟಿದರೆ ತಿಳಿಸುವ ಬಿಂದು) ಇಟ್ಟು, ಅದನ್ನು ಒಎಸ್‌ಸಿ ಮೂಲಕ ಇಎಸ್‌ಪಿ32 ಅನ್ನುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್‌ಗೆ ಕಳಿಸಿ, ಹಳೆಯ ಫೋನಿನ ವೈಬ್ರೇಷನ್ ಮೋಟಾರ್ ಒಂದನ್ನು ಟೀ ಶರ್ಟಿನ ಭುಜಕ್ಕೆ ಹೊಲಿದೆ. ಮೊದಲೆರಡು ಮೋಟಾರ್ ಸುಟ್ಟುಹೋದವು, ಮೂರನೆಯದು ಇನ್ನೂ ನಡೆಯುತ್ತಿದೆ. ತಮ್ಮನಿಗೂ ಒಂದು ಮಾಡಿ ಕಳಿಸಿದೆ. ಮೊದಲ ಸಲ ನಾನು ತಟ್ಟಿದಾಗ ಅವನು ಹೆಡ್‌ಸೆಟ್ ತೆಗೆದು ನಿಜವಾಗಿ ಹಿಂದೆ ತಿರುಗಿ ನೋಡಿದನಂತೆ. ಉಳಿದವರಿಗಾಗಿ ಕೋಣೆಯಲ್ಲಿ ಒಂದು ಸ್ವಿಚ್ ಇಟ್ಟಿದ್ದೇನೆ. ಒತ್ತಿದರೆ ದೀಪ ಎರಡು ಸಲ ಮಿಣುಕುತ್ತದೆ, ಎಲ್ಲರೂ ತಲೆ ಎತ್ತುತ್ತಾರೆ.

ಕೂರುವ ಜಾಗಕ್ಕೆ ಜಾಸ್ತಿ ಹೊತ್ತು ಕೊಡಿ. ಎದುರಿನವರು ಒಂದೂವರೆ ಮೀಟರ್ ದೂರದಲ್ಲಿದ್ದರೆ ಬೆರಳು ಸ್ಪಷ್ಟ, ಎರಡು ದಾಟಿದರೆ ಮಸುಕು. ಪೂರ್ತಿ ವೃತ್ತ ಮಾಡಬೇಡಿ. ಹೆಡ್‌ಸೆಟ್‌ನಲ್ಲಿ ಪಕ್ಕದ ನೋಟ ಕಡಿಮೆ, ಪಕ್ಕದವರು ಮಾತು ಶುರು ಮಾಡಿದ್ದೇ ತಿಳಿಯುವುದಿಲ್ಲ. ಅರ್ಧ ವೃತ್ತ ಮಾಡಿ, ಎದುರಿಗೆ ಒಂದು ಕನ್ನಡಿ ಇಟ್ಟುಕೊಳ್ಳಿ. ಕನ್ನಡಿಯಲ್ಲಿ ಎಲ್ಲರೂ ಕಾಣುತ್ತಾರೆ, ನಮ್ಮ ಕೈ ಹೇಗೆ ಕಾಣುತ್ತಿದೆ ಅಂತಲೂ ತಿಳಿಯುತ್ತದೆ. ಅದನ್ನು ಯಾವ ಕೋನದಲ್ಲಿ ಇಡಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ಅದೇ ಹಳೆಯ ಪಟ್ಟಿಯನ್ನು ಹೋದ ತಿಂಗಳು ಮತ್ತೆ ಓಡಿಸಿದೆವು. ಇನ್ನೂರು ಚಿಲ್ಲರೆಯಲ್ಲಿ ನೂರಾ ಎಪ್ಪತ್ತಕ್ಕಿಂತ ಹೆಚ್ಚು ಅರ್ಥವಾದವು. ಬೆರಳಕ್ಷರ ಇನ್ನೂ ನಿಧಾನ, ನಿಜವಾದ ವೇಗದ ಅರ್ಧ ಇರಬಹುದು. ಜೋರಾಗಿ ಮಾಡಿದರೆ ದೂರದವರಿಗೆ ನಡುವಿನ ಅಕ್ಷರ ಕರಗಿ ಕಾಣುತ್ತದೆ. ನಲವತ್ತು ನಿಮಿಷಕ್ಕೊಮ್ಮೆ ಕಂಟ್ರೋಲರ್ ಬೆಲ್ಟ್ ಬಿಚ್ಚಿ ಬೆವರು ಒರೆಸಲೇಬೇಕು, ಇಲ್ಲದಿದ್ದರೆ ಬೆರಳಿನ ಅಳತೆ ತಪ್ಪುತ್ತದೆ.

"ಸುಮ್ನೆ ದುಡ್ಡು ಕಳೀಬೇಡಿ" ಅಂದವರು ಹದಿನೈದು ದಿನದ ಹಿಂದೆ ಬಂದು ಒಂದು ಗಂಟೆ ನೋಡಿಕೊಂಡು ಹೋದರು. ಪೆಡಲ್ ಯಾವುದು ಅಂತ ಕೇಳಿದ್ದಾರೆ. ಬರುವ ವಾರದಿಂದ ನಾವು ಒಂಬತ್ತು ಜನ. ಅರ್ಧ ವೃತ್ತ ಹಿಗ್ಗಿದರೆ ಎರಡೂ ತುದಿಯವರಿಗೆ ಬೆರಳು ಮಸುಕಾಗುತ್ತದೆ. ಎರಡು ಸಾಲು ಮಾಡಿದರೆ ಮುಂದಿನವರ ತಲೆ ಅಡ್ಡ. ಹಿಂದಿನ ಸಾಲಿನ ಕುರ್ಚಿಗಳನ್ನು ಮೊದಲು ಅರ್ಧ ಮೀಟರ್ ಎತ್ತರಿಸಿ ನೋಡುತ್ತೇನೆ.