ದ್ವೀಪ ಎಲ್ಲಿ, ಮಾಮ?

ಮೈಸೂರಿನಲ್ಲಿ ಮನೆ ಇದ್ದವರಿಗೆ ನೆಂಟರು ಬಂದರೆ ಶ್ರೀರಂಗಪಟ್ಟಣ ತಪ್ಪಿದ್ದಲ್ಲ. ಅರಮನೆ, ಚಾಮುಂಡಿ ಬೆಟ್ಟ ಮುಗಿದ ಮಾರನೇ ದಿನ ಅದೇ. ದಸರಾ ರಜೆಗೆ ಚಿತ್ರದುರ್ಗದಿಂದ ಅಕ್ಕನ ಸಂಸಾರ ಬಂದಾಗಲೂ ಹಾಗೇ ಹೊರಟೆವು. ಬಸ್ ಇಳಿದ ಕೂಡಲೇ ಆಟೊ ಮಾತಾಡಿಕೊಂಡೆ. ಮೂರು ಗಂಟೆಯಲ್ಲಿ ಎಂಟು ಜಾಗ. ಇಳಿ, ಫೋಟೊ ತೆಗಿ, ಹತ್ತು. ಎರಡು ಕಡೆ ಆಟೊದವರು ಇಂಜಿನ್ ಆರಿಸಲೇ ಇಲ್ಲ. ಸಂಜೆ ಬಸ್ಸಿನಲ್ಲಿ, ಆರನೇ ಕ್ಲಾಸ್ ಓದುವ ಅಕ್ಕನ ಮಗಳು ಕೇಳಿದಳು: "ಮಾಮ, ಪಟ್ಟಣ ದ್ವೀಪ ಅಂತ ಪಾಠದಲ್ಲಿದೆ. ದ್ವೀಪ ಎಲ್ಲಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷದಿಂದ ನೆಂಟರನ್ನು ಕರೆದುಕೊಂಡು ಹೋಗುತ್ತಿದ್ದೇನೆ, ಅದನ್ನು ದ್ವೀಪ ಅಂತ ಒಂದು ಸಲವೂ ನೋಡಿರಲಿಲ್ಲ. ಆ ಮಾತು ಮನಸ್ಸಿನಲ್ಲೇ ಉಳಿಯಿತು. ಬೇಸಿಗೆ ರಜೆಗೆ ಅವಳು ಮತ್ತೆ ಬಂದಾಗ ಇಬ್ಬರೂ ಕೂತು ತೀರ್ಮಾನ ಮಾಡಿದೆವು. ಈ ಸಲ ಜಾಗಗಳನ್ನು ನೋಡುವುದಲ್ಲ, ಹೊಳೆಯನ್ನು ನೋಡುವುದು. ಕಾವೇರಿ ಸೀಳುವ ಕಡೆಯಿಂದ ಕೂಡುವ ಕಡೆಗೆ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ. ದ್ವೀಪದ ಉದ್ದ ಐದು ಕಿಲೋಮೀಟರ್ ಆಸುಪಾಸು. ಬಿಸಿಲೇರುವ ಮೊದಲು ಅರ್ಧ ದಾರಿ ನಡೆದರೆ ಉಳಿದದ್ದಕ್ಕೆ ಆಟೊ ಸಿಗುತ್ತದೆ.

ಬಸ್ ಬಿಟ್ಟು ರೈಲು ಹಿಡಿದೆವು, ಅದೇ ಒಳ್ಳೆಯದಾಯಿತು. ಬಸ್ಸಿನಲ್ಲಿ ಸೇತುವೆ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಬೆಳಗಿನ ಪ್ಯಾಸೆಂಜರ್ ನಾಗನಹಳ್ಳಿ ದಾಟಿ ಹೊಳೆಯ ಮೇಲೆ ಬಂದಾಗ ಚಕ್ರದ ಸದ್ದೇ ಬದಲಾಯಿತು. ಹುಡುಗಿ ಕಿಟಕಿಯ ಸರಳು ಹಿಡಿದು, "ಇದು ಒಂದು ಕವಲು, ಅಲ್ವಾ ಮಾಮ?" ಅಂದಳು. ಇದು ದಕ್ಷಿಣದ ಕವಲು. ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ನಮ್ಮ ನಕ್ಷೆ ಶುರುವಾದದ್ದು ಅಲ್ಲಿಂದ.

ಸ್ಟೇಷನ್ನಿಂದ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಬೆಳಗಿನ ಹೊತ್ತು ಸಾಲು ಇರಲಿಲ್ಲ, ರಂಗನಾಥನ ದರ್ಶನ ನೆಮ್ಮದಿಯಾಗಿ ಆಯಿತು. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರೂ ಕಾವೇರಿಯ ದ್ವೀಪಗಳೇ. ಸ್ವಾಮಿ ಮಲಗಲು ಮೂರು ಸಲವೂ ಸುತ್ತ ನೀರಿರುವ ಜಾಗವನ್ನೇ ಆರಿಸಿಕೊಂಡಿದ್ದಾನೆ ಎಂದು ಹೇಳಿದಾಗ ಅವಳು ಅದನ್ನೂ ಬರೆದುಕೊಂಡಳು.

ಅಲ್ಲಿಂದ ಕೋಟೆಯ ಪಶ್ಚಿಮದ ತುದಿಗೆ ಹೋದೆವು. ಆಟೊದವರು ಸಾಮಾನ್ಯವಾಗಿ ಇಲ್ಲಿಗೆ ಕರೆತರುವುದಿಲ್ಲ. ಪ್ರವಾಸಿಗಳೂ ಕಡಿಮೆ. ನನ್ನ ಮಟ್ಟಿಗೆ ಇಡೀ ಪಟ್ಟಣದಲ್ಲಿ ನೋಡಬೇಕಾದ ಜಾಗ ಇದೇ. 1907ರಲ್ಲಿ ನಿಲ್ಲಿಸಿದ ಸ್ಮಾರಕ ಕಂಬವೊಂದಿದೆ, ಅದರ ಎದುರಿಗೆ ಹೊಳೆ. ನಾವು ಹೋದದ್ದು ಮೇ ಮೊದಲ ವಾರ. ನೀರು ತೀರಾ ಕಡಿಮೆಯಿತ್ತು. ಎತ್ತಿನ ಬೆನ್ನಿನ ಹಾಗೆ ಬಂಡೆಗಳು ಎದ್ದು ನಿಂತಿದ್ದವು, ನಡುವೆ ಮೊಣಕಾಲುದ್ದದ ನೀರು, ಒಂದು ಬಂಡೆಯ ಮೇಲೆ ಬೆಳ್ಳಕ್ಕಿ. ಆಚೆ ದಡಕ್ಕೆ ನಡೆದೇ ಹೋಗಬಹುದು ಅನ್ನಿಸುವಂತಿತ್ತು.

1799ರ ಮೇ 4ರ ಮಧ್ಯಾಹ್ನ ಟಿಪ್ಪುವಿನ ಮೇಲೆ ಇಂಗ್ಲಿಷರು ಬಂದದ್ದೂ ಹೀಗೆ ನಡೆದೇ. ಏಪ್ರಿಲ್‌ನಿಂದ ಮುತ್ತಿಗೆ ಹಾಕಿದ್ದ ಇಂಗ್ಲಿಷರ ಸೈನ್ಯ ಗೋಡೆ ಒಡೆದು, ಹೊಳೆಯ ಪಾತ್ರದಲ್ಲೇ ಇಳಿದು ನುಗ್ಗಿತು. ಟಿಪ್ಪು ನೆಚ್ಚಿಕೊಂಡಿದ್ದದ್ದು ಮುಂಗಾರನ್ನು. ಇನ್ನೊಂದೆರಡು ಮೂರು ವಾರ ತಡೆದುಕೊಂಡಿದ್ದರೆ ಕೊಡಗಿನ ಮಳೆ ಕಾವೇರಿಯನ್ನು ತುಂಬಿಸಿ ಪಟ್ಟಣವನ್ನು ನಿಜವಾಗಿ ದ್ವೀಪ ಮಾಡುತ್ತಿತ್ತು. 1791ರಲ್ಲಿ ಹಾಗೇ ಆಗಿತ್ತು. ಅರಕೆರೆ ಹತ್ತಿರ ಗೆದ್ದಿದ್ದ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಮಳೆ ಹಿಡಿದು, ದವಸ ಮುಗಿದು, ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ್ದ. ಹುಡುಗಿ ಬಹಳ ಹೊತ್ತು ನೀರು ನೋಡುತ್ತಾ ನಿಂತಿದ್ದಳು. ಆಮೇಲೆ, "ಹಾಗಾದ್ರೆ ಇದು ಬೇಸಿಗೆಯಲ್ಲಿ ಅರ್ಧ ದ್ವೀಪ" ಅಂದಳು. ಇಷ್ಟು ವರ್ಷ ನನಗೆ ಹೊಳೆಯದ ಮಾತು.

ಅದಕ್ಕೇ ಆಗಸ್ಟಿನಲ್ಲಿ ನಾನೊಬ್ಬನೇ ಮತ್ತೆ ಅಲ್ಲಿಗೆ ಹೋದೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ಹೊರಹರಿವು ಜಾಸ್ತಿ ಮಾಡಿದ್ದ ದಿನಗಳು. ಒಂದು ಬಂಡೆಯೂ ಕಾಣಲಿಲ್ಲ. ಕೆಂಪು ನೀರು ಸದ್ದಿಲ್ಲದೆ, ಭಾರವಾಗಿ, ಎರಡಾಗಿ ಸೀಳಿಕೊಂಡು ಹೋಗುತ್ತಿತ್ತು. ಸಾಧ್ಯವಾದರೆ ಎರಡು ಕಾಲದಲ್ಲೂ ಹೋಗಿ. ಒಂದೇ ಸಲ ನೋಡಿದವರಿಗೆ ಈ ಊರಿನ ಅರ್ಧ ಕಥೆ ಮಾತ್ರ ಸಿಗುತ್ತದೆ.

ಬೇಸಿಗೆಯ ದಿನಕ್ಕೆ ಬರುತ್ತೇನೆ. ಕೋಟೆಯ ಗೋಡೆಗುಂಟ ಉತ್ತರದ ಕವಲಿಗೆ ಬಂದೆವು. ಇಂಗ್ಲಿಷರ ಸೈನ್ಯದ ಕರ್ನಲ್ ಬೇಯ್ಲಿಯ ಹೆಸರಿನ ಸೆರೆಮನೆಯೊಳಗೆ ಬಿಸಿಲಲ್ಲೂ ತಂಪು. ಚಾವಣಿ ಮುರಿದು ಬಿದ್ದ ಫಿರಂಗಿ ಇನ್ನೂ ಅಲ್ಲೇ ಇದೆ. ಮುಂದೆ ವೆಲ್ಲೆಸ್ಲಿ ಸೇತುವೆ. 1804ರಲ್ಲಿ ಪೂರ್ಣಯ್ಯನವರು ಕಟ್ಟಿಸಿದ್ದು, ಎಲ್ಲಾ ಕಲ್ಲಿನ ಕಂಬ. ಹುಡುಗಿ ಒಂದು ಕಂಬದ ಮೇಲೆ ಅಂಗೈ ಇಟ್ಟು, ನೀರು ನಿಂತು ಹೋದ ಗುರುತು ತನ್ನ ತಲೆಗಿಂತ ಮೇಲಿರುವುದನ್ನು ತೋರಿಸಿದಳು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿ, "ಕಟ್ಟೇಲಿ ನೀರ್ ಬಿಟ್ರೆ ಇದೂ ಕಾಣಾಕಿಲ್ಲ ಕಣವ್ವ" ಅಂದರು.

ಇಷ್ಟರಲ್ಲಿ ಹತ್ತು ಗಂಟೆ. ಗಂಜಾಂ ಕಡೆಗೆ ಆಟೊ ಹತ್ತಿದೆವು. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಕಂಡವರಿಗೆಲ್ಲ ಗೋಡೆಯ ಮೇಲಿನ ಯುದ್ಧದ ಚಿತ್ರ ನೆನಪಿರುತ್ತದೆ. ಆ ಹೆಸರಿನೊಳಗೇ ನೀರಿದೆ, ದರಿಯಾ ಎಂದರೆ ಹೊಳೆ, ಸಮುದ್ರ. ಗುಂಬಜ್ ನೋಡಿ, ಎಳನೀರು ಕುಡಿದು, ಹೆಚ್ಚು ಹೊತ್ತು ನಿಲ್ಲದೆ ಸಂಗಮಕ್ಕೆ ಹೋದೆವು.

ಸಂಗಮದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದಡದಲ್ಲಿ ನೀರು ಶಾಂತವಾಗಿ ಕಾಣುತ್ತದೆ, ಮಕ್ಕಳು ಇಳಿಯಲು ಹಟ ಮಾಡುತ್ತಾರೆ. ಇಳಿಸಬೇಡಿ. ಎರಡು ಕವಲು ಕೂಡುವ ಕಡೆ ತಳ ಒಂದೇ ಸಮ ಇರುವುದಿಲ್ಲ. ಹರಿಗೋಲು ಹಾಕುವವರೊಬ್ಬರು ನಮ್ಮನ್ನು ಕರೆದರು. ಲೈಫ್ ಜಾಕೆಟ್ ಕೇಳಿದೆ, ಇರಲಿಲ್ಲ. ಬೇಡ ಅಂದೆ. ಹುಡುಗಿಯ ಮುಖ ಸಣ್ಣದಾಯಿತು. ಆ ಮನುಷ್ಯ ಬೇಜಾರು ಮಾಡಿಕೊಳ್ಳದೆ ದಡದಲ್ಲಿ ಬೋರಲು ಹಾಕಿದ್ದ ಹರಿಗೋಲನ್ನು ಅವಳಿಗೆ ತೋರಿಸಿದರು. ಬಿದಿರ ದಬ್ಬೆಯ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಸು, ಸಂದುಗಳಿಗೆ ಬಳಿದ ಟಾರು. "ನಮ್ಮಪ್ಪನ ಕಾಲದಾಗೆ ಚರ್ಮ ಹಾಕೋರು" ಅಂದರು. ಬಿಸಿಲಿಗೆ ಟಾರು ಮೆತ್ತಗಾಗಿತ್ತು. ಅವಳು ಬೆರಳಿನಿಂದ ಒತ್ತಿ ನೋಡಿದಳು, ಬೆರಳ ಗುರುತು ಹಾಗೇ ನಿಂತಿತು. ನೀರಿನ ಮೇಲೆ ಹೋಗದ ಬೇಸರ ಅಲ್ಲಿಗೆ ಮರೆಯಿತು.

ಮೆಟ್ಟಿಲ ಮೇಲೆ ಕೂತು ತಂದಿದ್ದ ಚಿತ್ರಾನ್ನ, ಮೊಸರನ್ನ ತಿಂದೆವು. ಎಡಗಡೆಯಿಂದ ಒಂದು ಕವಲು, ಬಲಗಡೆಯಿಂದ ಇನ್ನೊಂದು. ಕೂಡುವಲ್ಲಿ ನೀರಿನ ಮೇಲೆ ಒಂದು ಸಣ್ಣ ಸುಕ್ಕು, ಅಷ್ಟೇ. ಅವಳು ಅದನ್ನೇ ನೋಡುತ್ತಾ, "ಇಲ್ಲಿ ಮುಗೀತು ದ್ವೀಪ" ಅಂದು ನೋಟ್‌ಬುಕ್ ತೆರೆದಳು. ಪಶ್ಚಿಮದ ತುದಿ, ಉತ್ತರದ ದಡ, ಸಂಗಮದ ಮೂಲೆ ಎಲ್ಲ ಗಟ್ಟಿ ಗೆರೆಯಲ್ಲಿ ಬಂದಿತ್ತು. ದಕ್ಷಿಣಕ್ಕೆ ಮಾತ್ರ ರೈಲಿನಿಂದ ಕಂಡ ಒಂದು ಚೂರು ಗೆರೆ. ಅದರಿಂದಾಚೆ ಸಂಗಮದವರೆಗೆ ಖಾಲಿ. ನಾನು ಪೆನ್ಸಿಲ್ ತೆಗೆದುಕೊಂಡು ಚುಕ್ಕಿ ಗೆರೆಯಲ್ಲಿ ಸೇರಿಸಹೋದೆ.

"ಬೇಡ ಮಾಮ, ಅದನ್ನ ನಾವಿನ್ನೂ ನೋಡಿಲ್ಲ" ಅಂದು ಪುಸ್ತಕ ಮುಚ್ಚಿದಳು.